ಅಣ್ಣ ಅತ್ತಿಗೆಗೆ ಕುರ್ಚಿ ಮಾಡಿದ್ದು

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ಅರ್ಧಿಂಚು. ಕೋಟು ಹೊಲಿಯುವವನು. ಯಾರ ಅಳತೆ ತೆಗೆದರೂ ಒಳಮಡಿಕೆಯಲ್ಲಿ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದ. ನಾಳೆ ನೀವು ದಪ್ಪಗಾದರೆ ಬಿಚ್ಚಿ ಹೊಲಿಯಬಹುದು ಎನ್ನುತ್ತಿದ್ದ. ಜನ ದಪ್ಪಗೇನೋ ಆದರು, ಆದರೆ ಬಿಚ್ಚಿ ಹೊಲಿಸಲು ಯಾರೂ ಬರಲಿಲ್ಲ. ರೆಡಿಮೇಡ್ ಅಂಗಡಿಗೆ ಹೋಗಿ ಒಂದು ಸೈಜು ದೊಡ್ಡದು ತೆಗೆದುಕೊಂಡರು. ಹಾಗೆ ಅಣ್ಣನ ಅಂಗಡಿಗೆ ಬಾಗಿಲು ಬಿತ್ತು.

ನನ್ನದು ಹಿಟ್ಟಿನ ಗಿರಣಿ, ಅವನ ಮನೆಯ ಎದುರಿಗೇ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹೀಗಾಗಿದೆ. ಮೆಲ್ಲಗೆ ಮಾತಾಡಲು ಬರುವುದಿಲ್ಲ, ಬಂದರೂ ಈ ವಿಷಯವನ್ನು ಮೆಲ್ಲಗೆ ಹೇಳುವವಳಲ್ಲ ನಾನು.

ಅಣ್ಣನ ಹೊಟ್ಟೆಪಾಡು ಬಟ್ಟೆ, ಹುಚ್ಚು ಕಬ್ಬಿಣ. ಬಿಡುವು ಸಿಕ್ಕರೆ ಗುಜರಿಯಿಂದ ತಂದ ಪಟ್ಟಿಗಳಿಗೆ ತೂತು ಕೊರೆದು, ನಟ್ಟು ಬೋಲ್ಟು ಹಾಕಿ, ಸ್ಟೂಲು, ಶೆಲ್ಫು, ಛತ್ರಿ ನಿಲ್ಲಿಸುವ ಗೂಡು ಎಂದು ಏನಾದರೊಂದು ಮಾಡುತ್ತಿದ್ದ. ಎಲ್ಲವೂ ಓಲಾಡುತ್ತಿದ್ದವು. ನಿಮ್ಮಣ್ಣ ಮಾಡಿದ ಸ್ಟೂಲಿಗಿಂತ ನೆಲವೇ ವಾಸಿ, ಅಲ್ಲಿಂದ ಬೀಳಲು ಜಾಗವಿಲ್ಲ ಎಂದು ಅತ್ತಿಗೆ ನನ್ನ ಹತ್ತಿರ ಹೇಳಿ ನಗುತ್ತಿದ್ದಳು.

ಅತ್ತಿಗೆ ಅವನಿಗೆ ಬರೀ ಹೆಂಡತಿಯಲ್ಲ, ಅರ್ಧ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲಿ ಅಣ್ಣನ ಹೊಲಿಗೆ ಮಷಿನ್ನು. ಒಳಕೋಣೆಯಲ್ಲಿ ಅವಳು ಗುಂಡಿ, ಕಾಜಾ, ಅಂಚು. ನಡುವೆ ಒಂದು ಪರದೆ. ಒಂದು ಕೋಟು ಮುಗಿದರೆ ಕತ್ತರಿಯ ಹಿಡಿಯಿಂದ ಹಲಗೆಯ ಮೇಲೆ ಎರಡು ಸಲ ಬಡಿಯುತ್ತಿದ್ದಳು. ಚೆನ್ನಾಗಿ ಬಂದಿದೆ, ಮುಂದಿನದು ಕೊಡು ಎಂದು ಅರ್ಥ. ಮಾತಿಲ್ಲ ಕತೆಯಿಲ್ಲ, ಇಡೀ ಹಗಲು ಹಾಗೇ ಕಳೆಯುತ್ತಿತ್ತು. ಸಂಜೆಯಾದರೆ ಮಾತ್ರ ಬೀದಿ ಬಾಗಿಲಲ್ಲಿ ಕೂತುಬಿಡುತ್ತಿದ್ದಳು. ಯಾರ ಮನೆಗೆ ಯಾರು ಬಂದರು, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲದರ ವರದಿ ಅಲ್ಲಿಂದಲೇ ನನಗೆ ಬರುತ್ತಿತ್ತು.

ಅಂಥವಳಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು, ಮಾತೂ ಹೋಯಿತು. ಉಳಿದದ್ದು ಬಲಗೈ, ಕಣ್ಣು ಮತ್ತು ಗಂಟಲಿನಿಂದ ಹೊರಡುವ ಒಂದು ಸದ್ದು. ಒಳಕೋಣೆಯ ಮಂಚದಲ್ಲಿ ಮಲಗಿ ಬಲಗೈಯನ್ನು ಬೀದಿ ಬಾಗಿಲ ಕಡೆಗೆ ತೋರಿಸುತ್ತಿದ್ದಳು. ಬೆಳಿಗ್ಗೆ ತೋರಿಸುತ್ತಿದ್ದಳು, ಸಂಜೆ ತೋರಿಸುತ್ತಿದ್ದಳು. ಬೇಡಿದ್ದು ಅದೊಂದೇ, ಬಾಗಿಲಲ್ಲಿ ಕೂರಬೇಕು.

ಬಾಡಿಗೆಗೆ ಗಾಲಿಕುರ್ಚಿ ತಂದೆವು. ಅದು ಒಳಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಇನ್ನೊಂದು, ಕಿರಿದಾದದ್ದು ತಂದರೆ ಅತ್ತಿಗೆ ಎಡಕ್ಕೆ ವಾಲಿ ಜಾರಿದಳು. ನಾನು ಹಿಡಿದುಕೊಳ್ಳದಿದ್ದರೆ ಮುಖ ಒಡೆದುಕೊಳ್ಳುತ್ತಿದ್ದಳು. ಅಣ್ಣ ಕೊರಳಲ್ಲಿದ್ದ ಟೇಪು ತೆಗೆದು ಅವಳ ಅಳತೆ ತೆಗೆದ. ಭುಜ, ಬೆನ್ನು, ಸೊಂಟ, ತೊಡೆ, ಮೊಣಕಾಲಿಂದ ಹಿಮ್ಮಡಿ. ಆಮೇಲೆ ಬಾಗಿಲಿನ ಅಗಲ ಅಳೆದ.

"ಕೋಟು ಅಳತೆಗೆ ಹೊಲೀಬಹುದು ಅಂದ್ರೆ ಕುರ್ಚಿ ಯಾಕಾಗಲ್ಲ?" ಎಂದ. "ಬೆನ್ನು ಹಿಂದಕ್ಕೆ ಬಾಗಬೇಕು, ಎಡಗಡೆ ಒರಗೋಕೆ ಆಸರೆ ಬೇಕು. ನಾನೇ ಮಾಡ್ತೀನಿ."

ನಟ್ಟು ಬೋಲ್ಟಿನ ಸ್ಟೂಲಿನ ಹಾಗೆ ಓಲಾಡಿದರೆ ಅತ್ತಿಗೆಯ ಗತಿ ಏನು ಎಂದು ನಾನು ರೇಗಿದೆ. ಅದಕ್ಕೇ ವೆಲ್ಡಿಂಗ್ ಕಲಿಯುತ್ತೇನೆ ಎಂದ. ಅರವತ್ತು ದಾಟಿದವನು ಫೋನಿನಲ್ಲಿ ವೀಡಿಯೊ ನೋಡಿ ಬೆಂಕಿಯ ಕೆಲಸ ಕಲಿಯುತ್ತಾನಂತೆ. ಹುಚ್ಚು ಬಿಡುವವರೆಗೆ ಮದುವೆ ಆಗುವುದಿಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡುವುದಿಲ್ಲ ಎನ್ನುತ್ತಾರಲ್ಲ, ಇವನಿಗೆ ಮದುವೆಯಾದರೂ ಬಿಟ್ಟಿರಲಿಲ್ಲ.

ವೆಲ್ಡಿಂಗ್ ಮಷಿನ್ನು ಆರಿಸಲು ನನ್ನನ್ನೂ ಎಳೆದುಕೊಂಡು ಹೋದ. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು, ಕಬ್ಬಿಣದ ಕಡ್ಡಿ ಕರಗಿಸಿ ಬೆಸೆಯುವುದು. ಚಿಕ್ಕ ಪೆಟ್ಟಿಗೆ, ಹೆಗಲಿಗೆ ಹಾಕಿಕೊಂಡು ಹೋಗಬಹುದು, ಬಯಲಿನಲ್ಲಿ ಗಾಳಿ ಬೀಸಿದರೂ ನಡೆಯುತ್ತದೆ. ಆದರೆ ಕೈ ಪಳಗಬೇಕು, ಹೊಸಬರ ಕಡ್ಡಿ ಕಬ್ಬಿಣಕ್ಕೆ ಅಂಟಿಕೊಂಡು ಕೂರುತ್ತದೆ. ಇನ್ನೊಂದು ದೊಡ್ಡದು, ಪಕ್ಕದಲ್ಲಿ ಗ್ಯಾಸಿನ ಸಿಲಿಂಡರು. ಮಷಿನ್ನಿನ ಹೊಟ್ಟೆಯೊಳಗೆ ತಂತಿಯ ಉರುಳೆ. ಗುಂಡಿ ಒತ್ತಿದರೆ ತಂತಿ ತಾನಾಗಿ ಬರುತ್ತದೆ, ಹೊಸಬರೂ ಬೇಗ ಕಲಿಯುತ್ತಾರೆ. ಆದರೆ ಗಾಳಿ ಆಡಬಾರದು, ಬೆಸುಗೆ ಕಾಯುವ ಗ್ಯಾಸು ಹಾರಿಹೋದರೆ ಅದರ ತುಂಬ ತೂತು.

ಅಣ್ಣ ಉರುಳೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

"ಇದು ನಮ್ಮ ಮಷಿನ್ನೇ ಕಣೇ. ನೂಲಿನ ಬದಲು ತಂತಿ, ಅಷ್ಟೇ."

ಗಾಳಿಯ ಮಾತು ಅವನಿಗೆ ಎಚ್ಚರಿಕೆಯಾಗಿ ಕೇಳಿಸಲೇ ಇಲ್ಲ. ಬಟ್ಟೆ ಕತ್ತರಿಸುವಾಗ ಫ್ಯಾನು ಆರಿಸು ಎಂದು ಜೀವಮಾನವೆಲ್ಲ ಕೆಲಸದವರನ್ನು ಬೈದವನು ಅವನು. ಫ್ಯಾನು ಹಾಕಿದರೆ ಬಟ್ಟೆ ಹಾರುತ್ತದೆ, ಗುರುತು ತಪ್ಪುತ್ತದೆ. ಕಿಟಕಿ ಮುಚ್ಚಿ ಕೆಲಸ ಮಾಡುವುದು ಅವನಿಗೆ ಅಭ್ಯಾಸ, ಒಳ್ಳೆಯ ಕೆಲಸಗಾರನ ಲಕ್ಷಣ.

ಆಮೇಲೆ ಮೇಜು. ಬಟ್ಟೆ ಕತ್ತರಿಸುವ ಮರದ ಮೇಜಿನ ಮೇಲೇ ಮಾಡುತ್ತೇನೆ ಎಂದಿದ್ದ, ಮನೆಗೆ ಬೆಂಕಿ ಇಡುತ್ತೀಯಾ ಎಂದು ನಾನು ಗದರಿದೆ. ಕಬ್ಬಿಣದ ಮೇಜೇ ಬೇಕೆಂದಾಯಿತು. ತೆಳು ಹಾಳೆಯದು ಅಗ್ಗ, ಆದರೆ ಶಾಖಕ್ಕೆ ಹಪ್ಪಳದಂತೆ ಸೊಟ್ಟಗಾಗುತ್ತದೆ, ಮೇಜು ಸೊಟ್ಟಗಾದರೆ ಅದರ ಮೇಲೆ ಮಾಡಿದ್ದೆಲ್ಲ ಸೊಟ್ಟ. ದಪ್ಪ ಹಲಗೆಯದನ್ನೇ ಆರಿಸಿದ. ನಾಲ್ಕೂ ಕಾಲಿಗೆ ತಿರುಪು, ನೆಲ ಏರುಪೇರಿದ್ದರೆ ಸರಿಮಾಡಿಕೊಳ್ಳಲು. ಎತ್ತರ ಮಾತ್ರ ತನ್ನ ಹಳೇ ಮೇಜಿನಷ್ಟೇ ಇರಬೇಕೆಂದು ಹಟ ಹಿಡಿದು ಕಾಲು ಕೊಯ್ಯಿಸಿದ. ಒಂದು ಮೂಲೆಯಲ್ಲಿ ಪೈಪು ಕಚ್ಚಿ ಹಿಡಿಯುವ ವೈಸ್, ಅಂಚಿಗೆ ಸಾಲಾಗಿ ಕ್ಲಾಂಪು. ಇವು ಗುಂಡುಸೂಜಿ ಎಂದು ನನಗೆ ತೋರಿಸಿದ. ಅಲ್ಲಲ್ಲಿ ಚುಕ್ಕೆಯಂತೆ ಬೆಸೆದು ನಿಲ್ಲಿಸುವುದು ಕಚ್ಚಾ ಹೊಲಿಗೆ, ಆಮೇಲೆ ಉದ್ದಕ್ಕೆ ಎಳೆಯುವುದು ಪಕ್ಕಾ ಹೊಲಿಗೆ. ಕೇಳಿ ಕೇಳಿ ನನಗೂ ನಗು ಬಂತು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಆ ಮನೆಗೆ ಮತ್ತೆ ಜೀವ ಬಂದಿತ್ತು.

ಪೈಪು ಕೂಡ ಬಟ್ಟೆ ಆರಿಸಿದ ಹಾಗೆಯೇ ಆರಿಸಿದ. ಕರಿ ಪೈಪು ತುಕ್ಕು ಹಿಡಿಯುತ್ತದೆ, ಮೈ ಒರೆಸುವಾಗ ನೀರು ಬಿದ್ದರೆ ಅವಳ ಸೀರೆಗೆ ಕಲೆಯಾಗುತ್ತದೆ ಎಂದು ಸತುವಿನ ಲೇಪದ ಬೆಳ್ಳನೆಯ ಜಿಐ ಪೈಪು ತಂದ. ಅವಳಿಗಾಗಿ ಒಳ್ಳೆಯದನ್ನೇ ತಂದ.

ಕೆಲಸ ಮುಂದಿನ ಕೋಣೆಯಲ್ಲಿ. ಕಿಟಕಿ ಮುಚ್ಚಿದ, ಬೀದಿ ಬಾಗಿಲು ಮುಚ್ಚಿದ, ಸಂದಿಗೆಲ್ಲ ಬಟ್ಟೆ ತುರುಕಿದ. ಒಳಕೋಣೆಯ ಬಾಗಿಲು ಮಾತ್ರ ತೆರೆದೇ ಇಟ್ಟ, ಅವಳು ಸದ್ದು ಮಾಡಿದರೆ ಕೇಳಬೇಕಲ್ಲ. ಬೆಸುಗೆಯ ಬೆಳಕು ಅವಳ ಕಣ್ಣಿಗೆ ಬೀಳಬಾರದೆಂದು ಆ ಬಾಗಿಲಿಗೆ ಕೋಟಿನ ಕಪ್ಪು ಬಟ್ಟೆಯ ಪರದೆ ಇಳಿಬಿಟ್ಟ. ತನಗೆ ಕಪ್ಪು ಗಾಜಿನ ಮುಖವಾಡ, ಮೂಗಿಗೊಂದು ಕರವಸ್ತ್ರ. ಅವಳ ಕಣ್ಣಿನ ಬಗ್ಗೆ ಇಷ್ಟೆಲ್ಲ ಯೋಚಿಸಿದ ಪುಣ್ಯಾತ್ಮ ಅವಳ ಮೂಗಿನ ಬಗ್ಗೆ ಯೋಚಿಸಲಿಲ್ಲ.

ಸತು ಸುಟ್ಟರೆ ಬಿಳಿ ಹೊಗೆ. ಆ ಹೊಗೆ ಆರಿ, ಹತ್ತಿಯಂತೆ ಎಳೆ ಎಳೆಯಾಗಿ ಗಾಳಿಯಲ್ಲಿ ತೇಲಿ, ಮೇಜಿನ ಮೇಲೆ, ಅವನ ತಲೆಯ ಮೇಲೆ ಕೂರುತ್ತಿತ್ತು. ಹತ್ತಿಯ ದೂಳಿನಲ್ಲೇ ಮುದುಕನಾದವನಿಗೆ ಅದೇನೂ ಹೊಸದಾಗಿ ಕಾಣಲಿಲ್ಲ. ಒಮ್ಮೆ ನಾನು ಒಳಗೆ ಹೋದವಳು ಕೆಮ್ಮಿ ಕಿಟಕಿ ತೆಗೆಯಲು ಹೋದರೆ, ತೂತು ಬೀಳುತ್ತದೆ ಕಣೇ, ತೂತು ಬಿದ್ದ ಬೆಸುಗೆ ಮುರಿದರೆ ಅವಳು ಬೀಳುತ್ತಾಳೆ ಎಂದು ಕೈ ಹಿಡಿದ. ಅದೂ ಸುಳ್ಳಲ್ಲ.

ಮಷಿನ್ನು ಶುರುವಾದ ಸ್ವಲ್ಪ ಹೊತ್ತಿಗೆ ಪರದೆಯ ಆಚೆ ಅತ್ತಿಗೆ ಮಂಚದ ಅಂಚಿಗೆ ಬಲಗೈಯಿಂದ ಬಡಿಯುತ್ತಿದ್ದಳು. ಎರಡು ಸಲ. ಮತ್ತೆ ಎರಡು ಸಲ. ಅಣ್ಣ ಮುಖವಾಡ ಎತ್ತಿ ನಗುತ್ತಿದ್ದ. ನೋಡು, ಚೆನ್ನಾಗಿದೆ ಅಂತಿದ್ದಾಳೆ, ಹಳೇ ಅಂಗಡಿ ನೆನಪಾಗಿದೆ ಅವಳಿಗೆ ಎಂದು ನನಗೆ ಹೇಳಿ, ಮುಖವಾಡ ಇಳಿಸಿ ಇನ್ನೂ ಹುರುಪಿನಿಂದ ಕೂರುತ್ತಿದ್ದ.

ಕೆಲಸ ಮಾಡಿದ ದಿನ ಸಂಜೆ ಅಣ್ಣನಿಗೆ ಚಳಿಜ್ವರ ಬರುತ್ತಿತ್ತು, ಬೆಳಗಾದರೆ ಇಲ್ಲ. ಅತ್ತಿಗೆಗೂ ಬರುತ್ತಿತ್ತು, ಅವಳದು ಬೆಳಗಾದರೂ ಹೋಗುತ್ತಿರಲಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಿದ ಶೀತ ಎಂದುಕೊಂಡೆವು. ಬೀದಿಯ ಕೊನೆಯ ಡಾಕ್ಟರು, ಮಲಗಿದ್ದವರಿಗೆ ಎದೆಯಲ್ಲಿ ಕಫ ಕಟ್ಟುವುದು ಸಹಜ ಎಂದು ಮಾತ್ರೆ ಕೊಟ್ಟರು. ಜ್ವರ ಬಂದಷ್ಟೂ ಅಣ್ಣ ಕುರ್ಚಿಯ ಕೆಲಸಕ್ಕೆ ಅವಸರ ಮಾಡಿದ. ಅವಳು ಎದ್ದು ಕೂತರೆ ಕಫ ಕರಗುತ್ತದೆ ಎಂಬುದು ಅವನ ಲೆಕ್ಕ.

ಕುರ್ಚಿಗೆ ಗಾಲಿ ಕೂಡಿಸಿದ ದಿನ ಅತ್ತಿಗೆಯ ತುಟಿ ನೀಲಿಯಾಯಿತು. ಆಸ್ಪತ್ರೆಗೆ ಒಯ್ದೆವು.

ಅಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು, ಆಮೇಲೆ ಅಣ್ಣನ ಮುಂಗೈ ಮೇಲಿನ ಸುಟ್ಟ ಚುಕ್ಕೆಗಳನ್ನು ನೋಡಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅಣ್ಣ ಎಂದಿನಂತೆ ಟೈಲರ್ ಎಂದ. ನಾನೇ ಎಲ್ಲವನ್ನೂ ಹೇಳಬೇಕಾಯಿತು. ಯಾವ ಪೈಪು, ಕಿಟಕಿ ತೆರೆದಿತ್ತೇ, ರೋಗಿ ಎಲ್ಲಿ ಮಲಗುತ್ತಿದ್ದರು ಎಂದು ಒಂದೊಂದಾಗಿ ಕೇಳಿದರು. ಇದೊಂದೇ ಕಾರಣ ಎಂದು ಹೇಳಲಾಗದು, ಆದರೆ ಆ ಹೊಗೆ ಎದೆಯನ್ನು ಸುಟ್ಟಿದೆ, ನೀವಾದರೆ ಎದ್ದು ಆಚೆ ಹೋಗುತ್ತೀರಿ, ಅವರು ಎಲ್ಲಿಗೆ ಹೋಗುತ್ತಾರೆ ಎಂದರು. ಅಣ್ಣ ಒಪ್ಪಲಿಲ್ಲ. ಹೊಗೆ ಮೇಲಕ್ಕೆ ಹೋಗುತ್ತಿತ್ತು, ಅವಳಿಗೆ ತೊಂದರೆಯಾಗಿದ್ದರೆ ನನಗೆ ಗೊತ್ತಾಗದೆ ಇರುತ್ತಿತ್ತೇ, ಇಷ್ಟು ವರ್ಷ ಜೊತೆಗಿದ್ದವನು ಎಂದು ವಾದಿಸಿದ.

ಮಾರನೆಯ ಬೆಳಿಗ್ಗೆ ನಾವಿಬ್ಬರೂ ವಾರ್ಡಿನಲ್ಲಿ ನಿಂತಿದ್ದಾಗ ಅತ್ತಿಗೆಯ ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕು ಜಾರಿತು. ಅವಳು ಮಂಚದ ಕಂಬಿಗೆ ಬಲಗೈಯಿಂದ ಬಡಿದಳು. ಎರಡು ಸಲ. ಮತ್ತೆ ಎರಡು ಸಲ. ಆ ಕಡೆಯಿಂದ ನರ್ಸು ಓಡಿಬಂದು ಮಾಸ್ಕು ಸರಿ ಮಾಡಿದಳು.

"ಪಾಪ, ಉಸಿರು ಸಿಗದಿದ್ರೆ ಹೀಗೇ ಬಡೀತಾರೆ," ಎಂದು ನಮಗೆ ಹೇಳಿ ಹೋದಳು.

ನಾನು ಅಣ್ಣನ ಮುಖ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತ ಮೇಲೆ ಅವನು ಹೇಳಿದ.

"ಅವಳು ನಿಲ್ಸು ಅಂತ ಬಡೀತಿದ್ಲು. ನಾನು ನಗ್ತಿದ್ದೆ."

ನನಗೆ ಬೈಯಲು ಮನಸ್ಸು ಬರಲಿಲ್ಲ, ನಿನ್ನದೇನೂ ತಪ್ಪಿಲ್ಲ ಎನ್ನಲು ನಾಲಗೆ ಏಳಲಿಲ್ಲ.

ಅತ್ತಿಗೆ ಮನೆಗೆ ಬಂದಳು. ಬರುವಾಗ ಡಾಕ್ಟರಮ್ಮ ಹೇಳಿದ್ದೆಂದರೆ, ಇನ್ನು ಮೇಲೆ ಮಲಗಿಸಬೇಡಿ, ಮಲಗಿದರೆ ಉಸಿರು ಕಟ್ಟುತ್ತದೆ, ಒರಗಿಸಿ ಕೂರಿಸಿಯೇ ಇಡಿ. ಮಂಚದ ಮೇಲೆ ದಿಂಬು ಜೋಡಿಸಿದರೆ ಎಡಕ್ಕೆ ಜಾರುತ್ತಿದ್ದಳು. ಬೇರೆ ದಾರಿಯಿರಲಿಲ್ಲ. ಮುಂದಿನ ಕೋಣೆಯಲ್ಲಿ ಮೂಲೆಗೆ ತಳ್ಳಿದ್ದ ಕುರ್ಚಿಯನ್ನು ನಾನೇ ಒರೆಸಿ ತಂದೆ. ಅಣ್ಣ ಅದನ್ನು ಮುಟ್ಟಲು ಹಿಂಜರಿದ, ಆಮೇಲೆ ಅವಳನ್ನು ಎತ್ತಿ ಕೂರಿಸಿದ. ಅಳತೆಯೆಂದರೆ ಅಳತೆ. ಎಡಗಡೆಯ ಆಸರೆ ಸರಿಯಾಗಿ ಕಂಕುಳ ಕೆಳಗೆ ಬಂತು, ತಲೆ ವಾಲಲಿಲ್ಲ. ಬಾಗಿಲಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನುಸುಳಿತು.

ಬೀದಿ ಬಾಗಿಲಿಗೆ ತಂದು ನಿಲ್ಲಿಸಿದೆವು. ಜನ ಸೇರಿದರು. ಎಷ್ಟು ದಿನವಾಯಿತು ನಿಮ್ಮ ಮುಖ ನೋಡಿ ಎಂದು ಅವಳ ಕೈ ಹಿಡಿದರು. ಕುರ್ಚಿಯನ್ನು ತಟ್ಟಿ ನೋಡಿ, ಬಗ್ಗಿ ಬೆಸುಗೆ ನೋಡಿ, ಒಂದೂ ತೂತಿಲ್ಲ, ಅರ್ಧಿಂಚು ಅಂದರೆ ಅರ್ಧಿಂಚು, ಹೆಂಡತಿಗೆ ಮಾಡಿದರೆ ಹೀಗೆ ಮಾಡಬೇಕು ಎಂದು ಅಣ್ಣನ ಬೆನ್ನು ತಟ್ಟಿದರು. ಅಣ್ಣ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಮುಚ್ಚಿಕೊಂಡು ಹೋಗಿ ಎಂದು ಎಲ್ಲರನ್ನೂ ಓಡಿಸಬೇಕೆನಿಸಿತು ನನಗೆ. ಅವರಿಗೇನು ಗೊತ್ತು.

ಹಗಲು ಕುರ್ಚಿ, ರಾತ್ರಿಯೂ ಕುರ್ಚಿ. ಕೆಲವೇ ದಿನಗಳಲ್ಲಿ ಅವಳಿಗೆ ಬಾಗಿಲೂ ಬೇಡವಾಯಿತು, ಬೀದಿಯೂ ಬೇಡವಾಯಿತು. ಬೆನ್ನು ಹುಣ್ಣಾಯಿತು, ಕಾಲು ಊದಿತು. ಈಗ ಬಲಗೈಯನ್ನು ಒಳಗಿನ ಮಂಚದ ಕಡೆಗೆ ತೋರಿಸುತ್ತಿದ್ದಳು. ಸ್ವಲ್ಪ ಹೊತ್ತು ಬೆನ್ನು ಚಾಚಬೇಕು, ಅಷ್ಟೇ. ಅಣ್ಣ ತಡೆಯಲಾರದೆ ಒಂದೆರಡು ಸಲ ಎತ್ತಿ ಮಲಗಿಸಿದ. ತಲೆ ದಿಂಬಿಗೆ ತಾಗುವಷ್ಟರಲ್ಲಿ ಕಣ್ಣು ಮೇಲಾಗುತ್ತಿತ್ತು, ಅಳುತ್ತ ಮತ್ತೆ ಎತ್ತಿ ಕುರ್ಚಿಗೆ ಹಾಕುತ್ತಿದ್ದ. ಆಮೇಲೆ ಅವಳು ಕೈ ತೋರಿಸಿದರೆ ಬೇರೆ ಕಡೆ ನೋಡುತ್ತಿದ್ದ. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದ. ತಾನೂ ಮಲಗುವುದನ್ನು ಬಿಟ್ಟಿದ್ದ.

ಅವಳು ಹೋದದ್ದು ಒಂದು ಮಧ್ಯಾಹ್ನ, ಗಿರಣಿ ನಿಲ್ಲಿಸಿ ನಾನು ಗಂಜಿ ತಂದ ಹೊತ್ತಿಗೆ. ಅಣ್ಣನಿಗೆ ಮೊದಲೇ ಗೊತ್ತಾಗಿತ್ತು. ಗಂಜಿ ಕೆಳಗಿಡು, ಕಾಲು ಹಿಡಿ ಎಂದ. ಇಬ್ಬರೂ ಸೇರಿ ಎತ್ತಿ ಒಳಕೋಣೆಯ ಮಂಚದ ಮೇಲೆ ಮಲಗಿಸಿದೆವು. ಬಾಗಿ ಹೋಗಿದ್ದ ಮೊಣಕಾಲನ್ನು ಅಣ್ಣ ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಿದ, ಬೆನ್ನಿನ ಕೆಳಗೆ ಕೈ ಹಾಕಿ ಸೀರೆಯ ಸುಕ್ಕು ಸರಿ ಮಾಡಿದ, ದಿಂಬು ತೆಗೆದುಬಿಟ್ಟ.

"ಈಗ ಆರಾಮಾಗಿ ಮಲಗು," ಎಂದ ಅವಳಿಗೆ. "ಇನ್ನು ನಾನು ಎತ್ತಲ್ಲ."