ಶಿಬಿರದಲ್ಲಿ ಅಧ್ಯಕ್ಷನಿಗಾಗಿ ಅತ್ತ ತಾಯಿ

ಲಂಡನ್ನಿನ ಅಂಚಿನ ಪಿನ್ನರ್‌ನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದಷ್ಟು ದೂರದ ಒಂದು ಕಾಲೇಜಿನಲ್ಲಿ ನಾನು ವಾರಕ್ಕೊಂದು ಸಂಜೆ ವಯಸ್ಕರಿಗೆ ಇತಿಹಾಸ ಕಲಿಸುತ್ತಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ, ತೊಂಬತ್ತರ ದಶಕದ ಮೊದಲಿಗೆ ಡಾಕ್ಟರ್ ಗಂಡನ ಜೊತೆ ಲಂಡನ್ನಿಗೆ ಬಂದವಳು ನಾನು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಸಿಕ್ಕ ಕೆಲಸ ಅದು. ನನ್ನನ್ನು ಡಾಕ್ಟರ ಹೆಂಡತಿ ಎಂದು ಯಾರೂ ಪರಿಚಯಿಸದ ಜಾಗ ಆಗ ನನಗೆ ಅದೊಂದೇ ಇತ್ತು.

ನ್ಯೂಯಾರ್ಕಿನ ಜೋಡಿ ಗೋಪುರಗಳು ಬಿದ್ದ ಮರುವರ್ಷ ನಾನು ಆರಿಸಿಕೊಂಡ ವಿಷಯ ಅಮೆರಿಕದ ಅಧ್ಯಕ್ಷರ ಅಧಿಕಾರ. ಆರ್ಥಿಕ ಕುಸಿತ ಬಂದಾಗ, ಯುದ್ಧ ಬಂದಾಗ, ಸಂಸತ್ತು ಮಾಡಬೇಕಾದದ್ದನ್ನು ಒಬ್ಬನೇ ಮಾಡುವಷ್ಟು ಅದು ಹೇಗೆ ಬೆಳೆಯಿತು ಎಂಬುದು. ಇರಾಕಿನ ಮೇಲೆ ಯುದ್ಧ ಆಗುತ್ತದೋ ಇಲ್ಲವೋ ಎಂದು ಟಿವಿಯಲ್ಲಿ ದಿನವೂ ಮಾತು ನಡೆಯುತ್ತಿದ್ದ ಚಳಿಗಾಲ. ಕ್ಲಾಸಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನಿವೃತ್ತರು. ಹೀಟರ್ ಸರಿಯಿಲ್ಲದೆ ಎಲ್ಲರೂ ಕೋಟು ಹಾಕಿಕೊಂಡೇ ಕೂರುತ್ತಿದ್ದರು.

ಮೂವತ್ತರ ದಶಕದ ಅಧ್ಯಕ್ಷನ ಬಗ್ಗೆ ಹೇಳುವುದೆಂದರೆ ನನಗೆ ಇಷ್ಟ. ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡವನು, ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ ಅಧಿಕಾರಕ್ಕೆ ಬಂದು, ಎಲ್ಲ ಬ್ಯಾಂಕುಗಳನ್ನೂ ತಾನೇ ಮುಚ್ಚಿಸಿ, ರೇಡಿಯೋದಲ್ಲಿ ಮನೆಯವನ ಹಾಗೆ ಮಾತಾಡಿ, ಮತ್ತೆ ತೆರೆಸಿದವನು. ಈ ಕತೆ ಹೇಳುವಾಗ ನನ್ನ ದನಿ ತಾನಾಗಿ ಏರುತ್ತಿತ್ತು.

ಒಂದು ಸಂಜೆ ಮುಂದಿನ ಸಾಲಿನ ಮುದುಕರೊಬ್ಬರು ಮಾತಿಗೆ ಬಂದರು. ಇಲ್ಲಿನ ನಗರಸಭೆಯಾದ ಕೌನ್ಸಿಲ್ಲಿನಲ್ಲಿ ದುಡಿದು ನಿವೃತ್ತರಾದ ಲಂಡನ್ನಿನವರು. "ಎರಡನೇ ಮಹಾಯುದ್ಧದಲ್ಲಿ ನಾನು ಚಿಕ್ಕವನು. ಬಾಂಬು ಬೀಳುವಾಗ ಅಮ್ಮ ನಮ್ಮನ್ನು ಮೆಟ್ಟಿಲ ಕೆಳಗೆ ಕೂರಿಸುತ್ತಿದ್ದಳು. ನೀವು ಹೇಳಿದ ಅದೇ ಅಧ್ಯಕ್ಷ ಸಂಸತ್ತನ್ನು ಕೇಳದೆಯೇ ನಮಗೆ ಹಡಗು ಕಳಿಸಿದ. ಕೇಳುತ್ತಾ ಕೂತಿದ್ದರೆ ನಾನು ಇವತ್ತು ಇಲ್ಲಿ ಇರುತ್ತಿರಲಿಲ್ಲ. ಯುದ್ಧದಲ್ಲಿ ಒಬ್ಬ ನಿರ್ಧಾರ ಮಾಡಲೇಬೇಕು."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತಲೆಯಾಡಿಸಿದೆ.

ಆಗ ಕಿಟಕಿ ಪಕ್ಕ ಕೂತಿದ್ದ ಹೆಂಗಸು ಮಾತಾಡಿದರು. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ. ಎಪ್ಪತ್ತು ದಾಟಿದ, ಸಣ್ಣ ಮೈಕಟ್ಟಿನವರು. ಜಪಾನಿನವರೆಂದು ನಾವೆಲ್ಲ ಅಂದುಕೊಂಡಿದ್ದೆವು.

"ನಾನು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಜಪಾನನ್ನು ಇವತ್ತಿಗೂ ನೋಡಿಲ್ಲ," ಅಂದರು. "ನೀವು ಹೇಳಿದ ರೇಡಿಯೋ ಭಾಷಣವನ್ನು ನನ್ನ ಅಮ್ಮ ಕೇಳಿದ್ದಳು. ಅವಳಿಗೆ ಇಂಗ್ಲಿಷ್ ಅರ್ಧ ಬರುತ್ತಿತ್ತು. ಆದರೂ ಆ ದನಿಯನ್ನು ನಂಬಿದಳು. ಮರುದಿನ ಮನೆಯಲ್ಲಿದ್ದ ದುಡ್ಡನ್ನು ಮತ್ತೆ ಇಡಲು ಅಪ್ಪನನ್ನು ಬ್ಯಾಂಕಿಗೆ ಕಳಿಸಿದಳು. ಬ್ಯಾಂಕು ಉಳಿಯಿತು, ನಮ್ಮ ತರಕಾರಿ ಅಂಗಡಿಯೂ ಉಳಿಯಿತು. ಅಡುಗೆಮನೆಯಲ್ಲಿ ಅವನ ಫೋಟೋ ಹಾಕಿದಳು."

ಅವರೇ ಮುಂದುವರಿಸಿದರು. "ಅಮೆರಿಕದ ಹಡಗುಗಳ ಮೇಲೆ ಜಪಾನು ಬಾಂಬು ಹಾಕಿದ ಮೇಲೆ, ಜಪಾನೀ ಮೂಲದವರನ್ನು ಊರು ಬಿಡಿಸುವ ಆದೇಶಕ್ಕೆ ಅದೇ ಮನುಷ್ಯ ಸಹಿ ಹಾಕಿದ. ನಮ್ಮ ಬೀದಿಯ ಕಂಬಕ್ಕೆ ನೋಟೀಸು ಅಂಟಿಸಿದರು. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ. ಮೊದಲು ಕುದುರೆ ಲಾಯದಲ್ಲಿ ಇಟ್ಟರು, ಲದ್ದಿಯ ಮೇಲೇ ಸುಣ್ಣ ಬಳಿದಿದ್ದರು. ಆಮೇಲೆ ಮರುಭೂಮಿಯ ಶಿಬಿರ, ಮುಳ್ಳುತಂತಿ. ನನಗಾಗ ಹದಿನೈದು."

ಮುದುಕರು ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದರು.

"ಯುದ್ಧ ಮುಗಿಯುವ ಮೊದಲೇ ಆ ಅಧ್ಯಕ್ಷ ಸತ್ತ. ನಾವಿನ್ನೂ ಶಿಬಿರದಲ್ಲೇ ಇದ್ದೆವು. ಸುದ್ದಿ ಕೇಳಿ ಅಮ್ಮ ಬ್ಯಾರಕ್ಕಿನ ನೆಲದ ಮೇಲೆ ಕೂತು ಅತ್ತಳು, ತನ್ನ ತಂದೆ ಹೋದಾಗ ಅತ್ತ ಹಾಗೆ. ಅಪ್ಪ ಎದ್ದು ಹೊರಗೆ ಹೋದ. ಆಮೇಲೆ ಅವರಿಬ್ಬರೂ ಮೊದಲಿನ ಹಾಗೆ ಮಾತಾಡಿದ್ದನ್ನು ನಾನು ನೋಡಲಿಲ್ಲ. ಅಂಗಡಿ ಮತ್ತೆ ಸಿಗಲಿಲ್ಲ. ಅಪ್ಪ ಕಂಡವರ ತೋಟದಲ್ಲಿ ಹುಲ್ಲು ಕತ್ತರಿಸುತ್ತಲೇ ಸತ್ತ."

ಆ ಸಂಜೆ ನಾನು ಪಾಠ ಮುಂದುವರಿಸಲಿಲ್ಲ.

ಮನೆಗೆ ಬಂದು ಊಟ ಬಡಿಸುತ್ತಾ ಗಂಡನಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ, "ಭಾಳ ಕೆಟ್ಟ ಆತು, ಖರೇ," ಅಂದರು. "ಆದ್ರ ಅಂಥಾ ಹೊತ್ತಿನ್ಯಾಗ ಗಟ್ಟಿ ಕೈ ಒಂದು ಬೇಕಾಗತದ. ಎಮರ್ಜೆನ್ಸ್ಯಾಗ ನಮ್ಮಪ್ಪ ಏನಂತಿದ್ರು? ಗಾಡಿ ಟಾಯಮ್ಮಿಗೆ ಸರಿಯಾಗಿ ಬರತಿದ್ದವು."

ಮಾವನವರು ಹುಬ್ಬಳ್ಳಿಯಲ್ಲಿ ರೈಲ್ವೆಯಲ್ಲಿದ್ದವರು. ಅವರು ಗಾಡಿಯ ಹೊತ್ತನ್ನು ಹೊಗಳುತ್ತಿದ್ದ ಆ ಕಾಲದಲ್ಲೇ ಧಾರವಾಡದಲ್ಲಿ ಪೊಲೀಸರು ನನ್ನ ಅಪ್ಪನನ್ನು ಕರೆದುಕೊಂಡು ಹೋಗಿದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಪ್ಪ ಒಂದು ಸಭೆಯಲ್ಲಿ ಮಾತಾಡಿದ್ದರು, ಅಷ್ಟೇ. ತಿರುಗಿ ಬಂದಾಗ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಮತ್ತೆಂದೂ ಸಭೆಗೆ ಹೋಗಲಿಲ್ಲ. ಇದು ನನ್ನ ಗಂಡನಿಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಾದಂದಿನಿಂದ ನಮ್ಮಿಬ್ಬರ ನಡುವೆ ಈ ಮಾತು ಬಂದರೆ ಯಾರಾದರೊಬ್ಬರು ಎದ್ದು ಹೋಗುತ್ತಿದ್ದರು. ಅವತ್ತು ನಾನು ಎದ್ದು ಪಾತ್ರೆ ತೊಳೆದೆ.

ಫೆಬ್ರವರಿಯಲ್ಲಿ ಯುದ್ಧ ಬೇಡವೆಂದು ಲಂಡನ್ನಿನಲ್ಲಿ ದೊಡ್ಡ ಮೆರವಣಿಗೆ ಹೊರಟಿತು. ಕ್ಲಾಸು ಮುಗಿದ ಮೇಲೆ ಆ ಹೆಂಗಸು ನನ್ನ ಹತ್ತಿರ ಬಂದು, "ಒಬ್ಬಳೇ ಹೋಗಲು ಮಂಡಿ ಬಿಡುವುದಿಲ್ಲ. ಬರುತ್ತೀರಾ?" ಎಂದು ಕೇಳಿದರು. ಗಂಡ ವಿರೋಧಿಸಲಿಲ್ಲ. "ಪೊಲೀಸರ ಹತ್ರ ಹೋಗಬ್ಯಾಡ, ಬ್ರಿಟಿಷ್ ಪಾಸ್‌ಪೋರ್ಟ್ ಈಗರ ಬಂದದ," ಎಂದಷ್ಟೇ ಅಂದರು. ಮಗಳು ಸೋಫಾದಿಂದಲೇ, "ಇಟ್ಸ್ ಫ್ರೀಜಿಂಗ್, ಅಮ್ಮಾ," ಅಂದಳು.

ನಾವಿಬ್ಬರೂ ಟ್ಯೂಬ್ ರೈಲಿನಲ್ಲಿ ಹೋಗಿ ಜನರ ಜೊತೆ ಸೇರಿಕೊಂಡೆವು. ಅಷ್ಟು ಜನರನ್ನು ನಾನು ಒಟ್ಟಿಗೆ ಕಂಡಿರಲಿಲ್ಲ. ಆದರೆ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಿ, ಮೆರವಣಿಗೆ ಮುಗಿಯುವ ಪಾರ್ಕು ತಲುಪುವ ಮೊದಲೇ ಆ ಹೆಂಗಸಿನ ಕಾಲು ಸೋತವು. ಒಂದು ಕಟ್ಟಡದ ಮೆಟ್ಟಿಲ ಮೇಲೆ ಕೂತು, ನನ್ನ ಫ್ಲಾಸ್ಕಿನ ಚಹಾ ಕುಡಿದು, ಹಿಂದಿರುಗಿದೆವು. ಬರುವಾಗ ಟ್ಯೂಬಿನಲ್ಲಿ ನನ್ನ ಅಪ್ಪನ ವಿಷಯ ಅವರಿಗೆ ಹೇಳಿದೆ. ಲಂಡನ್ನಿನಲ್ಲಿ ಮನೆಯ ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು.

ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಅಪ್ಪನಿಗೆ ಸಿಟ್ಟು ಉಳಿದಿತ್ತೇ?"

"ಇಲ್ಲ. ಹೆದರಿಕೆ ಉಳಿದಿತ್ತು."

ಅವರು ನನ್ನ ಕೈಚೀಲದ ಮೇಲೆ ಇಟ್ಟ ಕೈಯನ್ನು ಇಳಿಯುವವರೆಗೂ ತೆಗೆಯಲಿಲ್ಲ.

ಮಾರ್ಚಿನಲ್ಲಿ ಯುದ್ಧ ಶುರುವಾಯಿತು. ರಾತ್ರಿಯ ಕ್ಯಾಮೆರಾ ಹಸಿರಾಗಿ ತೋರಿಸಿದ ಆಕಾಶದಲ್ಲಿ ಬಾಂಬು ಬೀಳುವುದನ್ನು ಟಿವಿಯಲ್ಲಿ ನೋಡಿದೆವು. ಆ ವಾರ ಆ ಹೆಂಗಸು ಕ್ಲಾಸಿಗೆ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ನಾನು ಮನೆ ಹುಡುಕಿಕೊಂಡು ಹೋದೆ. ಎಷ್ಟೋ ವರ್ಷದ ಹಿಂದೆ ತೀರಿಕೊಂಡ ಇಂಗ್ಲಿಷ್ ಗಂಡ ಬಿಟ್ಟುಹೋದ ಸಣ್ಣ ಮನೆ. ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ.

"ನೀವು ಚೆನ್ನಾಗಿ ಪಾಠ ಮಾಡುತ್ತೀರಿ," ಅಂದರು. "ಆದರೆ ಅಧಿಕಾರ ಬೆಳೆಯಿತು ಅನ್ನುತ್ತೀರಿ, ಹೊಳೆಗೆ ನೀರು ಬಂದ ಹಾಗೆ. ಅದು ತಾನಾಗಿ ಬೆಳೆಯಲಿಲ್ಲ. ಆ ಆದೇಶವನ್ನು ಒಬ್ಬ ಟೈಪ್ ಮಾಡಿದ. ಒಬ್ಬ ಕಂಬಕ್ಕೆ ಅಂಟಿಸಿದ. ನನ್ನ ಟೀಚರು ಹಾಜರಿಯಲ್ಲಿ ನನ್ನ ಹೆಸರು ಹೊಡೆದು ಹಾಕಿದಳು. ಒಳ್ಳೆಯ ಹೆಂಗಸು ಅವಳು."

"ಮುಂದಿನ ವಾರ ಬನ್ನಿ. ಇದನ್ನೇ ಹೇಳಿ," ಅಂದೆ.

"ಹೇಳಿ ಸಾಕಾಗಿದೆ," ಅಂದು ಬಾಗಿಲು ಮುಚ್ಚಿದರು. ಸಿಟ್ಟಿನಿಂದಲ್ಲ, ಚಳಿಗೆ ಮುಚ್ಚುವ ಹಾಗೆ, ಮೆಲ್ಲಗೆ.

ಕೌನ್ಸಿಲ್ಲಿನ ಮುದುಕರು ಕ್ಲಾಸಿನ ಕೊನೆಯ ದಿನದವರೆಗೂ ಆ ಹೆಂಗಸಿನ ಬಗ್ಗೆ ವಿಚಾರಿಸುತ್ತಿದ್ದರು. ಬೇಸಿಗೆಯ ನಂತರ ಅದೇ ವಿಷಯವನ್ನು ಮತ್ತೆ ಹಾಕಿದೆ. ಸಾಕಷ್ಟು ಜನ ಸೇರದೆ ಕಾಲೇಜು ಕ್ಲಾಸನ್ನು ರದ್ದು ಮಾಡಿತು. ನನಗೂ ಒಳಗೊಳಗೇ ನಿರಾಳವಾಯಿತು. ಆ ಅಧ್ಯಕ್ಷನ ಕತೆಯನ್ನು ಮೊದಲಿನ ದನಿಯಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ, ಬೇರೆ ದನಿ ಸಿಕ್ಕಿರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ನಮ್ಮ ಭಾಗದ ಜಿಪಿ ಡಾಕ್ಟರ ಹತ್ತಿರ ಕಾಯುತ್ತಾ ಕೂತಿದ್ದಾಗ ಆ ಹೆಂಗಸಿನ ಪಕ್ಕದ ಮನೆಯಾಕೆ ಸಿಕ್ಕರು. ನ್ಯೂಮೋನಿಯಾದಿಂದ ಹೋದರಂತೆ. ಅಂತ್ಯಕ್ರಿಯೆ ಆಗಿ ತಿಂಗಳಾಗಿತ್ತು. ಬಂದವರು ಬಹಳ ಕಡಿಮೆಯಂತೆ.

ಮನೆಯಲ್ಲಿ ಹೇಳಿದಾಗ ಗಂಡ ಟಿವಿಯ ದನಿ ತಗ್ಗಿಸಿದರು. ನನ್ನ ಮುಖ ನೋಡಿದರು. ಅವತ್ತು ನಮ್ಮಿಬ್ಬರಲ್ಲಿ ಯಾರೂ ಎದ್ದು ಹೋಗಲಿಲ್ಲ. ಆದರೆ ಮಾತೂ ಹುಟ್ಟಲಿಲ್ಲ.