ಶೈಲಾ ಸುಮ್ಮನಿದ್ದ ಹದಿನೈದು ದಿನ

ಕೊರೊನಾ ಮುಗಿದು ಶಾಲೆಗಳ ಬಾಗಿಲು ಮತ್ತೆ ತೆರೆದ ವರ್ಷವೇ ನಾನು ಸರಕಾರಿ ಪ್ರೌಢಶಾಲೆಯ ಸಂಗೀತ ಶಿಕ್ಷಕಿಯ ಹುದ್ದೆಯಿಂದ ನಿವೃತ್ತಳಾದೆ. ಮೂವತ್ತೊಂದು ವರ್ಷದ ನೌಕರಿ. ಬಾಗಲಕೋಟೆಯ ಒಂದು ಟ್ರಸ್ಟಿನವರು ಮನೆಗೆ ಬಂದು, ಹದಿಹರೆಯದ ಮಕ್ಕಳಿಗೆ ಉಚಿತ ಸಂಗೀತ ತರಗತಿ ಶುರುಮಾಡುತ್ತಿದ್ದೇವೆ, ನಡೆಸಿಕೊಡುತ್ತೀರಾ ಎಂದು ಕೇಳಿದಾಗ ನನಗಿಂತ ಮೊದಲು ಮನೆಯವರೇ ಒಪ್ಪಿಕೊಂಡರು. ನಾನು ದಿನವಿಡೀ ಮನೆಯಲ್ಲಿ ಕೂತರೆ ಏನಾದೀತೆಂಬ ಅಂದಾಜು ಅವರಿಗಿತ್ತು. ನನ್ನ ಧ್ವನಿ ಸಣ್ಣದಲ್ಲ. ಎಪ್ಪತ್ತು ಮಕ್ಕಳ ತರಗತಿಯನ್ನು ಮೈಕಿಲ್ಲದೆ ಆಳಿದವಳು ನಾನು. ನಾನು ಮೆಲ್ಲಗೆ ಮಾತಾಡಿದರೂ ಮೂರನೆಯ ಮನೆಯವರಿಗೆ ಸಮಾಚಾರ ಮುಟ್ಟುತ್ತದೆ.

ಬಾಗಲಕೋಟೆ, ಇಳಕಲ್ಲ ಮತ್ತು ಗುಳೇದಗುಡ್ಡ, ಹೀಗೆ ಮೂರು ಕೇಂದ್ರಗಳು. ನನ್ನ ಹುದ್ದೆಯ ಹೆಸರು ಸಂಯೋಜಕಿ. ಪಾಠ ಹೇಳುವುದು, ಬೀಗ ತೆಗೆಯುವುದು, ಹಾರ್ಮೋನಿಯಂ ಹೊರುವುದು, ಹುಡುಗರ ಜಗಳ ಬಿಡಿಸುವುದು ಎಲ್ಲ ಅದರಲ್ಲೇ ಬಂತು. ಶನಿವಾರ ಮತ್ತು ರವಿವಾರ ಬೆಳಿಗ್ಗೆ ಗುಳೇದಗುಡ್ಡದಲ್ಲಿರುತ್ತಿದ್ದೆ. ಅಲ್ಲಿ ಸೇರಿದ್ದ ಇಪ್ಪತ್ತೆರಡು ಮಕ್ಕಳಲ್ಲಿ ಹದಿನೇಳು ಮಂದಿ ಮಗ್ಗದ ಮನೆಯವರು. ಕುಪ್ಪಸದ ಖಣ ನೇಯುವ ಊರದು; ಮಗ್ಗಗಳು ಕಾರ್ಖಾನೆಯಲ್ಲಲ್ಲ, ಮನೆಯ ಪಡಸಾಲೆಯಲ್ಲೇ ಇರುತ್ತವೆ.

ಗುಳೇದಗುಡ್ಡದ ಮಕ್ಕಳ ಮೇಲೆ ನನಗೆ ವಿಶೇಷ ಅಭಿಮಾನ. ಬಾಗಲಕೋಟೆಯ ಮಕ್ಕಳು ಬಾಯಿ ತೆರೆಯಲು ನಾಚುತ್ತಿದ್ದರೆ ಇವರು ಮೊದಲ ದಿನವೇ ಸೂರು ಹಾರುವಂತೆ ಹಾಡಿದರು. ಅವರಲ್ಲಿ ಶೈಲಾ ಎಂಬ ಹುಡುಗಿ, ಪಿಯುಸಿ ಮೊದಲ ವರ್ಷ. ಅವಳ ಧ್ವನಿ ಉಳಿದ ಇಪ್ಪತ್ತೊಂದು ಧ್ವನಿಗಳನ್ನು ದಾಟಿ ಬಾಗಿಲಾಚೆ ಹೋಗುತ್ತಿತ್ತು. ಎಂಥ ತೆರೆದ ಕಂಠ ಎಂದು ಅವತ್ತೇ ಅವಳನ್ನು ಮುಂದಿನ ಸಾಲಿಗೆ ಎಳೆದು ಮುಖ್ಯ ಗಾಯಕಿ ಮಾಡಿದೆ. ಅದು ಎಲ್ಲಿಂದ ಬಂದ ಕಂಠವೆಂದು ಕೇಳಬೇಕೆನ್ನಿಸಲಿಲ್ಲ.

ಮಕ್ಕಳಿಗೆ ನನ್ನ ನಿಯಮ ಒಂದೇ ಇತ್ತು. ದಿನಾ ಒಂದು ತಾಸು ಮನೆಯಲ್ಲಿ ಕೂತು ಹಾಡಬೇಕು. ಕಾರಣ ಕೇಳುವುದಿಲ್ಲ, ನೆಪ ಒಪ್ಪುವುದಿಲ್ಲ.

ವರ್ಷದ ಕೊನೆಗೆ ಬಾಗಲಕೋಟೆಯ ನವನಗರದಲ್ಲಿ ಮೂರೂ ಕೇಂದ್ರಗಳ ಕಾರ್ಯಕ್ರಮ ಗೊತ್ತಾಯಿತು. ಟ್ರಸ್ಟಿಗೆ ನೆರವು ಕೊಡುವ ಹಿರಿಯರು ಬಂದು ಕೇಳುವವರಿದ್ದರು. ಮುಂದಿನ ವರ್ಷ ಯಾವ ಕೇಂದ್ರ ಉಳಿಯಬೇಕೆಂಬುದು ಅವತ್ತೇ ತೀರ್ಮಾನ. ಗುಳೇದಗುಡ್ಡದವರಿಗೆ ನಾನು ಆರು ನಿಮಿಷದ ಒಂದು ತತ್ವಪದ ಕಲಿಸಿದ್ದೆ. ಮೊದಲು ಅದನ್ನು ಕಲಿಸಿದ್ದು ಕಪ್ಪು ಮೂರರಲ್ಲಿ. ಹಾರ್ಮೋನಿಯಂನ ಕಪ್ಪು ಮನೆಗಳನ್ನು ಎಣಿಸಿ, ಯಾವುದನ್ನು ಆಧಾರ ಸ್ವರ ಮಾಡಿಕೊಳ್ಳುತ್ತೇವೋ ಆ ಅಂಕಿಯಿಂದ ಶ್ರುತಿಯನ್ನು ಕರೆಯುವುದು ನಮ್ಮ ರೂಢಿ. ಅಂಕಿ ಏರಿದಷ್ಟೂ ಹಾಡು ಮೇಲೆ ಹೋಗುತ್ತದೆ. ಸಭೆಯಲ್ಲಿ ಮಿಂಚಲಿ ಎಂದು ಕಾರ್ಯಕ್ರಮಕ್ಕೆ ಒಂದು ತಿಂಗಳಿದ್ದಾಗ ಕಪ್ಪು ಐದಕ್ಕೆ ಏರಿಸಿದೆ. ಮೂರನೆಯ ನುಡಿಯಲ್ಲಿ ಶೈಲಾ ತಾರ ಷಡ್ಜಕ್ಕೆ, ಅಂದರೆ ಮೇಲಿನ ಸಾ ಸ್ವರಕ್ಕೆ ಏರಿ ಅಲ್ಲೇ ನಿಲ್ಲಬೇಕು. ಅವಳು ನಿಂತಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು.

ಎರಡು ವಾರ ಉಳಿದಿದ್ದಾಗ ಆ ಸ್ವರ ಒಡೆಯಿತು. ಏರಿದ ಧ್ವನಿ ನಡುವೆಯೇ ಗಾಳಿಯಾಗಿ ಹೋಯಿತು.

"ಮನ್ಯಾಗ ಹಾಡೂದ ಬಿಟ್ಟೀಯಲ್ಲ ನೀ?" ಎಂದು ಎಲ್ಲರೆದುರು ಗದರಿದೆ.

"ಇಲ್ರಿ ಅಕ್ಕೋರ, ದಿನಾ ಒಂದ್ ತಾಸು ಹಾಡ್ತೇನ್ರಿ," ಎಂದಳು. ಧ್ವನಿ ಗೊಗ್ಗರಾಗಿತ್ತು.

"ಹಂಗಾದ್ರ ಎರಡ್ ತಾಸು ಹಾಡು."

ಜ್ಯೇಷ್ಠಮಧು, ಕರಿಮೆಣಸಿನ ಕಷಾಯ, ಉಪ್ಪುನೀರು, ನನಗೆ ಗೊತ್ತಿದ್ದ ಔಷಧವನ್ನೆಲ್ಲ ಹೇಳಿದೆ. ಒಂದು ವಾರ ಬಿಟ್ಟು ಬಂದಾಗ ಅವಳ ಮಾತೇ ಹರಿದು ಹರಿದು ಬರುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಹುಡುಗಿ ಸುಳ್ಳು ಹೇಳುತ್ತಿದ್ದಾಳೆ, ಎಲ್ಲೋ ಐಸ್‌ಕ್ರೀಮು ತಿಂದು ಕುಣಿಯುತ್ತಿದ್ದಾಳೆ ಎಂದೇ ಖಾತ್ರಿಯಾಗಿ, ಮಂಗಳವಾರ ಮುಂಜಾನೆ ಬಸ್ಸು ಹತ್ತಿ ಅವಳ ತಂದೆಯ ಮುಂದೆ ತಕರಾರು ಹೇಳಲು ಹೋದೆ. ಕಾರ್ಯಕ್ರಮ ರವಿವಾರವಿತ್ತು.

ಓಣಿಯ ತಿರುವಿನಲ್ಲೇ ಸದ್ದು ಶುರುವಾಯಿತು. ಬಾಗಿಲಲ್ಲಿ ನಿಂತಾಗ ಎದೆಯೊಳಗೆ ನಡುಕ ಬಂತು. ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಓಡುತ್ತಿದ್ದವು. ಗೂಡಿನಲ್ಲಿಟ್ಟ ಸ್ಟೀಲಿನ ಬಟ್ಟಲುಗಳು ಒಂದಕ್ಕೊಂದು ತಾಗಿ ಅಲುಗಾಡುತ್ತಿದ್ದವು, ಆ ಸದ್ದು ಮಾತ್ರ ಕಿವಿಗೆ ಬೀಳಲಿಲ್ಲ. ಶೈಲಾಳ ತಂದೆ ಈರಪ್ಪ ಬಾಯಿ ತುಂಬ ಏನೋ ಅಂದರು. ತುಟಿ ಅಲುಗಿದ್ದಷ್ಟೇ ಕಂಡಿತು. ನಾನು, ಮೂರನೆಯ ಮನೆಗೆ ಕೇಳುವ ಧ್ವನಿಯವಳು, ನನ್ನ ಹೆಸರು ಹೇಳಿಕೊಂಡೆ. ನನ್ನ ಮಾತು ನನಗೇ ಕೇಳಿಸಲಿಲ್ಲ.

ಈರಪ್ಪ ಹೆಂಡತಿ ಶಾಂತವ್ವನ ಕಡೆ ತಿರುಗಿ ಎರಡು ಬೆರಳು ಜೋಡಿಸಿ ಫಟ್ಟನೆ ಬಿಡಿಸಿದರು. ಆಕೆ ತಕ್ಷಣ ತಮ್ಮ ಮಗ್ಗ ನಿಲ್ಲಿಸಿದರು, ಇವರೂ ನಿಲ್ಲಿಸಿದರು. ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂಬುದಕ್ಕೆ ಆ ಸನ್ನೆ ಎಂದು ಆಮೇಲೆ ತಿಳಿಯಿತು. ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದರೆ ಸಾವಕಾಶ, ಅಂದರೆ ಮೆಲ್ಲಗೆ. ಹೆಬ್ಬೆರಳು ತುಟಿಗಿಟ್ಟರೆ ಚಹಾ.

"ಮಗ್ಗ ನಡದಾಗ ಬರೇ ಕೈ ಮಾತ್ರಿ ಅಕ್ಕೋರ. ಬಾಯಿ ಯಾರಿಗೆ ಕೇಳ್ಬೇಕು?" ಎಂದು ಈರಪ್ಪ ನಕ್ಕರು.

ನಾನು ತಂದಿದ್ದ ತಕರಾರು ಅರ್ಧ ಅಲ್ಲೇ ಕರಗಿತ್ತು. "ಶೈಲಾ ಹಾಡಾಕ ಎಲ್ಲಿ ಕೂಡ್ತಾಳ್ರಿ?" ಎಂದು ಕೇಳಿದೆ.

ಶಾಂತವ್ವ ಎರಡು ಮಗ್ಗಗಳ ನಡುವಿನ ಜಾಗ ತೋರಿಸಿದರು. ಮಡಚಿದ ಒಂದು ಗೋಣಿಚೀಲ ಹಾಸಿತ್ತು. "ಇಲ್ಲೇ ರೀ. ಹಿಂದಿನ ಖೋಲ್ಯಾಗ ಅತ್ತಿ ಮಲಗಿರ್ತಾರ, ಅವರಿಗೆ ಅರಾಮಿಲ್ಲ. ಪಾಪ, ಮಗ್ಗ ನಿಂದ್ರಸ್ರಿ ಅಂತ ಒಂದಿನಾನೂ ಕೇಳಿಲ್ರಿ ಇಕಿ."

ಶೈಲಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಮೊಬೈಲಿನ ತಂಬೂರಿಯನ್ನು ಕಿವಿಗೆ ಒತ್ತಿ ಹಿಡಿದು ಕೂರುತ್ತಿದ್ದಳಂತೆ. "ಇಷ್ಟ್ ಜೋರ್ ಯಾಕ ಹಾಡ್ತಿದ್ದೀ ನನ್ನವ್ವಾ?" ಎಂದೆ.

"ನನ್ನ ಧ್ವನಿ ನನಗ ಕೇಳ್ಬೇಕಲ್ರಿ ಅಕ್ಕೋರ," ಎಂದಳು ಆ ಒಡಕು ಧ್ವನಿಯಲ್ಲಿ. "ನೀವ ಹೇಳಿದ್ರಿ, ಎರಡ್ ತಾಸು ಅಂತ."

ಅವತ್ತು ನನಗೆ ಆದ ನಾಚಿಕೆಯನ್ನು ಈಗಲೂ ಮರೆತಿಲ್ಲ. ನಾನು ಮೆಚ್ಚಿ ಮುಂದಿನ ಸಾಲಿಗೆ ಎಳೆದದ್ದು ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಕಂಠವನ್ನು. ಅದನ್ನೇ ಕಪ್ಪು ಐದಕ್ಕೆ ಏರಿಸಿ, ದಿನಕ್ಕೆರಡು ತಾಸು ಅದೇ ಸದ್ದಿನಲ್ಲಿ ಕೂರಿಸಿದ್ದೆ. ನೂರಾರು ಮಕ್ಕಳಿಗೆ ಮನೆಯಲ್ಲಿ ಹಾಡಿ ಎಂದಿದ್ದೆ. ಒಂದು ಮಗುವಿನ ಮನೆಯಲ್ಲೂ ಕೂತು ನೋಡಿರಲಿಲ್ಲ.

ಅದೇ ಮಧ್ಯಾಹ್ನ ತಂದೆ-ಮಗಳಿಬ್ಬರನ್ನೂ ಬಾಗಲಕೋಟೆಯ ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಕರೆದೊಯ್ದೆ. ಡಾಕ್ಟರು ಸಣ್ಣ ಕ್ಯಾಮೆರಾದ ಎಂಡೋಸ್ಕೋಪ್ ಗಂಟಲಿಗೆ ಇಳಿಸಿ ಪರದೆ ತೋರಿಸಿದರು. ಉಸಿರಿನ ದಾರಿಯಲ್ಲಿ ಎರಡು ಪಟ್ಟಿಗಳು, ಅವೇ ಧ್ವನಿತಂತುಗಳು. ಒಂದು ಬಿಳಿ, ಇನ್ನೊಂದು ಕೆಂಪು.

"ಎರಡೂ ಬೆಳ್ಳಗ ಇರಬೇಕ್ರಿ. ಇದರಾಗ ರಕ್ತ ಕಟ್ಟೈತಿ," ಎಂದರು. "ಹದಿನೈದು ದಿನ ಒಂದ ಮಾತೂ ಬ್ಯಾಡ, ಪಿಸುಮಾತೂ ಬ್ಯಾಡ. ಈಗ ಹಾಡಿದ್ರ ಇದು ಕಲೆ ಬಿದ್ದು ಗಟ್ಟಿ ಆಗ್ತೈತಿ. ಆಮ್ಯಾಲ ಹಾಡೂ ಇಲ್ಲ, ನೆಟ್ಟಗ ಮಾತೂ ಇಲ್ಲ."

ಈರಪ್ಪ ಮಗಳ ತಲೆಯ ಮೇಲೆ ಕೈಯಿಟ್ಟರು. ನನ್ನನ್ನು ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಬುಧವಾರ ಟ್ರಸ್ಟಿನ ಕಾರ್ಯದರ್ಶಿಗೆ ವಿಷಯ ತಿಳಿಸಿದೆ. ಅವರು ಕೆಟ್ಟವರಲ್ಲ, ಗುಳೇದಗುಡ್ಡದ ಕೇಂದ್ರ ಉಳಿಯಲೆಂದು ನನಗಿಂತ ಹೆಚ್ಚು ಓಡಾಡಿದವರು. "ಮೇಡಂ, ಬರೇ ಆರು ನಿಮಿಷದ ಮಾತು. ಒಂದ್ ಇಂಜೆಕ್ಷನ್ ಕೊಟ್ರ ಅವತ್ತಿನ ಮಟ್ಟಿಗೆ ನಡೀತೈತಂತ, ವಿಚಾರ ಮಾಡ್ರಿ. ಅಕಿ ಇಲ್ದ ಆ ಪದ ಏಳೂದಿಲ್ಲ. ಕೇಂದ್ರ ಹೋದ್ರ ಇಪ್ಪತ್ತೆರಡೂ ಮಕ್ಕಳು ಹೋದಂಗ," ಎಂದರು.

ಶೈಲಾ ಕೂಡ ಒಂದು ನೋಟ್‌ಬುಕ್ಕಿನ ಹಾಳೆ ಕಳಿಸಿದಳು. 'ಅಕ್ಕೋರೆ, ಒಂದೇ ಪದ ಹಾಡುತ್ತೇನೆ. ಆಮೇಲೆ ಒಂದು ತಿಂಗಳು ಸುಮ್ಮನಿರುತ್ತೇನೆ. ನನ್ನಿಂದ ಕೇಂದ್ರ ಹೋಗುವುದು ಬೇಡ.'

ಮುಚ್ಚಿಡುವುದೇಕೆ, ಇಡೀ ಒಂದು ದಿನ ನಾನು ಹೂಂ ಎನ್ನುವ ಕಡೆಗೇ ವಾಲಿದ್ದೆ. ಅವಳೇ ಒಪ್ಪಿದ್ದಾಳಲ್ಲ ಎಂಬ ನೆಪ ಕೈಯಲ್ಲಿತ್ತು. ಗುರುವಾರ ಡಾಕ್ಟರಿಗೆ ಫೋನು ಮಾಡಿ ಇಂಜೆಕ್ಷನ್ನಿನ ವಿಷಯ ಕೇಳಿಯೂ ಬಿಟ್ಟೆ.

"ಬಾವು ಇಳದಂಗ ಕಾಣ್ತೈತ್ರಿ, ಅಷ್ಟ. ರಕ್ತ ಅಲ್ಲೇ ಇರ್ತೈತಿ," ಎಂದರು ಅವರು. "ಹಾಡಿಸಿದ ಮ್ಯಾಲ ಅಕೀನ್ನ ನನ್ನ ಕಡೆ ಕರಕೊಂಡು ಬರಬ್ಯಾಡ್ರಿ. ನನ್ನ ಕೈಯಾಗ ಏನೂ ಉಳಿದಿರೂದಿಲ್ಲ."

ಕಾರ್ಯದರ್ಶಿಗೆ ಇಲ್ಲವೆಂದೆ. ಹಾಡುವ ಜವಾಬ್ದಾರಿ ತಸ್ಲೀಮಾ ಎಂಬ ಹುಡುಗಿಗೆ ಬಂತು. ಅವಳೂ ಮಗ್ಗದ ಮನೆಯವಳೇ, ಒಳ್ಳೆಯ ಸ್ವರಜ್ಞಾನ, ಆದರೆ ಶೈಲಾಳ ಎತ್ತರ ಇಲ್ಲ. ಶೈಲಾಳನ್ನು ಮಕ್ಕಳ ಎದುರು ನಿಲ್ಲಿಸಿ, ಕೈಯಿಂದ ತಾಳ ತೋರಿಸುವ ಕೆಲಸ ಕೊಟ್ಟೆ. ಕಣ್ಣೆದುರಿಗಿದ್ದರೆ ಬಾಯಿ ತೆರೆಯದಂತೆ ಕಾಯಬಹುದೆಂಬುದು ನನ್ನ ಲೆಕ್ಕ.

ಇಷ್ಟೆಲ್ಲ ಬುದ್ಧಿ ಬಂದರೂ ಶ್ರುತಿ ಮಾತ್ರ ಇಳಿಸಲಿಲ್ಲ. ಮೂರು ದಿನದಲ್ಲಿ ಬದಲಿಸಿದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆಂದು ನನಗೆ ನಾನೇ ಹೇಳಿಕೊಂಡೆ. ಖರೇ ಕಾರಣ ಬೇರೆ ಇತ್ತು. ಮುಂದಿನ ಸಾಲಿನ ಹಿರಿಯರು ತಲೆದೂಗುವ ಆ ಮೇಲಿನ ಸಾ ನನಗೆ ಬೇಕಿತ್ತು.

ರವಿವಾರ ಸಂಜೆ ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಬಾಗಲಕೋಟೆ, ಇಳಕಲ್ಲ ಎರಡೂ ತಂಡದವರು ಚೆನ್ನಾಗಿ ಹಾಡಿ ಇಳಿದರು. ನಮ್ಮ ಮಕ್ಕಳು ಏರಿದರು. ಶೈಲಾ ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಂತಳು. ನಾನು ವೇದಿಕೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವಳ ಮುಖ ಕಾಣುವಂತೆ ಕೂತೆ. ಮೊದಲ ನುಡಿ ಸರಿಯಾಗಿ ಹೋಯಿತು. ಎರಡನೆಯದರಲ್ಲಿ ತಸ್ಲೀಮಾಳ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. ಮೂರನೆಯ ನುಡಿ ಏರತೊಡಗಿತು.

ತಸ್ಲೀಮಾ ಮೇಲಿನ ಸಾ ಮುಟ್ಟಲು ಹೋದಳು. ಧ್ವನಿ ಒಡೆಯಿತು. ಹುಡುಗಿ ಬಿಡದೆ ಮತ್ತೆ ಏರಿದಳು, ಮತ್ತೆ ಒಡೆಯಿತು. ಅವಳ ಕಣ್ಣು ಶೈಲಾಳ ಮೇಲೆ ನೆಟ್ಟಿತ್ತು. ಶೈಲಾಳ ಎದೆ ಉಸಿರು ತುಂಬಿ ಮೇಲೇರಿತು, ತುಟಿ ಬಿಚ್ಚಿತು. ಈಗ ಹಾಡಿಯೇ ಬಿಡುತ್ತಾಳೆ ಎಂದು ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಬೇಡ ಎಂದು ಕೂಗಬೇಕೆಂದರೆ ಆ ಹೊತ್ತಿನಲ್ಲಿ ನನಗೇ ಧ್ವನಿ ಹೊರಡಲಿಲ್ಲ.

ಶೈಲಾ ಬಾಯಿ ಮುಚ್ಚಿದಳು. ಬಲಗೈ ಎತ್ತಿ ಎರಡು ಬೆರಳು ಜೋಡಿಸಿ ಫಟ್ಟನೆ ಬಿಡಿಸಿದಳು.

ಅಷ್ಟೂ ಮಕ್ಕಳು ಒಂದೇ ಏಟಿಗೆ ನಿಂತರು. ತಬಲಾ ನಿಂತಿತು, ಹಾರ್ಮೋನಿಯಂ ನಿಂತಿತು. ಮಗ್ಗದ ಊರಿನ ಮಕ್ಕಳು ಹುಟ್ಟಿದಾಗಿನಿಂದ ನೋಡಿದ ಸನ್ನೆ ಅದು, ಯಾರಿಗೂ ಅರ್ಥ ಹೇಳಬೇಕಿರಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ಕಾರ್ಯದರ್ಶಿ ಮುಂದಿನ ಸಾಲಿನಿಂದ ನನ್ನತ್ತ ನೋಡಿದರು. ಹತ್ತು ಸೆಕೆಂಡು ಇರಬಹುದು. ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಅಷ್ಟು ಉದ್ದದ ಹತ್ತು ಸೆಕೆಂಡು ಬೇರೆ ಇಲ್ಲ. ಶೈಲಾ ತಸ್ಲೀಮಾಳಿಗೆ ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿ ತೋರಿಸಿದಳು, ಸಾವಕಾಶ. ಆಮೇಲೆ ಹಾರ್ಮೋನಿಯಂ ಹುಡುಗ ಮಲ್ಲುವಿನ ಕಡೆ ತಿರುಗಿ ಮೂರು ಬೆರಳು ಎತ್ತಿದಳು.

ಕಪ್ಪು ಮೂರು. ಅವರು ಮೊದಲು ಕಲಿತ ಶ್ರುತಿ. ಮಲ್ಲು ಸ್ವರ ಹಿಡಿದ, ಮಕ್ಕಳು ಮೂರನೆಯ ನುಡಿಯನ್ನು ಮತ್ತೆ ಎತ್ತಿಕೊಂಡರು. ತಸ್ಲೀಮಾ ಸಾ ಮುಟ್ಟಿ ನಿಂತಳು. ಮಿಂಚಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಹಾಡು ಅಳುಕಿಲ್ಲದೆ ಕೊನೆ ಮುಟ್ಟಿತು. ನಾನು ಬಿದ್ದ ಕುರ್ಚಿಯನ್ನು ಎತ್ತಲೂ ಆಗದೆ ಗೋಡೆ ಹಿಡಿದು ಅಳುತ್ತಿದ್ದೆ.

ವೇದಿಕೆ ಇಳಿದು ಬಂದ ಶೈಲಾಳನ್ನು ಮುಂದಿನ ಸಾಲಿನ ಒಬ್ಬ ಹಿರಿಯರು ಕರೆದು, ನಡುವೆ ಯಾಕೆ ನಿಲ್ಲಿಸಿದೆ ತಂಗಿ ಎಂದು ಕೇಳಿದರು. ಉತ್ತರ ನಾನೇ ಹೇಳಬೇಕಾಯಿತು. ತಪ್ಪು ಶ್ರುತಿ ನನ್ನದು, ತಿದ್ದಿದವಳು ಅವಳು ಎಂದೆ. ಕೇಂದ್ರ ಮುಂದಿನ ವರ್ಷಕ್ಕೆ ಉಳಿಯಿತು. ಹಾಡಿಗಾಗಿಯೋ ಆ ಉತ್ತರಕ್ಕಾಗಿಯೋ ನನಗೆ ತಿಳಿಯದು.

ಆಮೇಲೆ ಒಂದು ಶಾಲೆಯವರನ್ನು ಕಾಡಿ ಬೇಡಿ ಬೆಳಿಗ್ಗೆ ಒಂದು ತಾಸು ಒಂದು ಕೋಣೆ ಬಿಡಿಸಿಕೊಂಡೆವು. ಮಗ್ಗದ ಮನೆಯ ಮಕ್ಕಳು ಅಲ್ಲಿ ಕೂತು ಹಾಡುತ್ತಾರೆ. ಹೊಸ ಮಗು ಸೇರಿದರೆ ಈಗ ನಾನು ಮೊದಲು ಹಾಡಿಸುವುದಿಲ್ಲ. ಅದರ ಮನೆಗೆ ಹೋಗಿ, ಅದು ಹಾಡಲು ಕೂರುವ ಜಾಗದಲ್ಲಿ ಹತ್ತು ನಿಮಿಷ ನಾನೇ ಕೂರುತ್ತೇನೆ. ಕಲಿಸುವವರಿಗೆ ತಾವು ಕೊಟ್ಟ ಪಾಠ ಯಾವ ಗದ್ದಲದ ನಡುವೆ ನಡೆಯುತ್ತಿದೆ ಎಂಬುದು ಗೊತ್ತಿರಬೇಕು. ಅಷ್ಟು ಕಲಿಯಲು ನನಗೆ ನಿವೃತ್ತಿಯಾಗಬೇಕಾಯಿತು, ಒಂದು ಮಗುವಿನ ಗಂಟಲು ಕೆಂಪಾಗಬೇಕಾಯಿತು.

ಹದಿನೈದು ದಿನ ಮುಗಿದ ಮೇಲೆ ಡಾಕ್ಟರು ಮತ್ತೆ ಪರದೆ ತೋರಿಸಿದರು. ಎರಡೂ ಪಟ್ಟಿ ಬಿಳಿಯಾಗಿದ್ದವು. ಹಳೆಯ ಅಬ್ಬರದ ಕಂಠ ಮಾತ್ರ ಅವಳಿಗೆ ಮರಳಲಿಲ್ಲ. ಈಗಿನದು ತಗ್ಗಿನ, ನುಣುಪಾದ ಧ್ವನಿ, ಕೇಳಬೇಕೆಂದರೆ ನಾವು ಸುಮ್ಮನಾಗಬೇಕು. ಅವತ್ತು ಡಾಕ್ಟರು ಮಾತಾಡು ಎಂದಾಗ ಮೊದಲ ಮಾತು ಏನಾಡುತ್ತಾಳೋ ಎಂದು ಈರಪ್ಪನೂ ನಾನೂ ಕಾದೆವು. ನನಗೆ ತಡೆಯಲಾಗದೆ, "ಮಾತಾಡ ನನ್ನವ್ವಾ!" ಎಂದು ದವಾಖಾನೆಯೆಲ್ಲ ತಿರುಗಿ ನೋಡುವಂತೆ ಕೂಗಿದೆ.

ಶೈಲಾ ನನ್ನ ಕಡೆ ತಿರುಗಿ ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದಳು.

"ನೀವೂ ಒಂಚೂರು ಸಾವಕಾಶ ಮಾತಾಡ್ರಿ ಅಕ್ಕೋರ," ಎಂದಳು. "ನಿಮಗೂ ಗಂಟಲ ಐತಲ್ರಿ."