ಏಳು ಸೆಕೆಂಡಿನ ಫಿಲೋಮಿನಾ

ನಮ್ಮ ಕೆಳಮನೆಯ ಫಿಲೋಮಿನಾ ಸ್ಕಾರ್ಪಾಚಿ ಪ್ರತಿ ಭಾನುವಾರ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುವವಳು, ಯಾರಾದರೂ 'ದರಿದ್ರ' ಎಂದರೆ ಸಾಕು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುವವಳು. ಇಂಥವಳು ಹತ್ತೊಂಬತ್ತು ವರ್ಷ ದುಡಿದದ್ದು ಮಾತ್ರ ನ್ಯೂಯಾರ್ಕಿನ ಅತ್ಯಂತ ಹೊಲಸು ಬಾಯಿಯ ಎದುರಿಗೆ ಕೂತು.

ಆ ಬಾಯಿ ರಸ್ಟಿ ಕ್ರೇಬಲ್ ಎಂಬವನದು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅವನ ರೇಡಿಯೊ ಹರಟೆ. ಸೇತುವೆಯ ಮೇಲೆ ಸಿಕ್ಕಿಕೊಂಡ ಕಾರುಗಳಲ್ಲಿ, ಬಣ್ಣ ಬಳಿಯುವವರ ಏಣಿಗಳ ಬುಡದಲ್ಲಿ, ಮೀನಿನಂಗಡಿಗಳಲ್ಲಿ, ಎಲ್ಲೆಲ್ಲೂ ಅವನದೇ ದನಿ. ಮೇಯರನ್ನು ಬೈಯುತ್ತಿದ್ದ, ತನ್ನ ಇಬ್ಬರು ಮಾಜಿ ಹೆಂಡಂದಿರನ್ನು ಬೈಯುತ್ತಿದ್ದ, ಫೋನ್ ಮಾಡಿದವರನ್ನೂ ಬೈಯುತ್ತಿದ್ದ. ಬೈಸಿಕೊಳ್ಳುವುದಕ್ಕೆಂದೇ ಜನ ಮುಕ್ಕಾಲು ಗಂಟೆ ಫೋನ್ ಹಿಡಿದು ಕಾಯುತ್ತಿದ್ದರು.

ಅವನು ಆಡಿದ್ದು ಏಳು ಸೆಕೆಂಡು ತಡವಾಗಿ ಹೊರಗೆ ಹೋಗುತ್ತಿತ್ತು. ಆ ಏಳು ಸೆಕೆಂಡು ಫಿಲೋಮಿನಾಳ ರಾಜ್ಯ. ಗಾಜಿನ ಗೋಡೆಯ ಈಚೆ ಅವಳು, ಎಡಗೈಯಲ್ಲಿ ಜಪಸರ, ಬಲಗೈಯ ತೋರುಬೆರಳು ಒಂದು ಕೆಂಪು ಗುಂಡಿಯ ಮೇಲೆ. ರಸ್ಟಿಯ ಬಾಯಿಂದ ಆಡಬಾರದ ಪದ ಬಿದ್ದೊಡನೆ ಗುಂಡಿ ಒತ್ತುವಳು. ಒತ್ತಿ ಹಿಡಿದಷ್ಟು ಹೊತ್ತು ಕೇಳುಗರಿಗೆ ಬರೀ 'ಕೀಂ'. ಒಂದು ಪದ ಅವಳ ಬೆರಳು ತಪ್ಪಿಸಿಕೊಂಡು ಹೋದರೂ ಸರ್ಕಾರ ರೇಡಿಯೊ ಕಂಪನಿಗೆ ದಂಡ ಹಾಕುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ತಪ್ಪಿದ್ದು ಎರಡೇ ಸಲ. ಒಮ್ಮೆ ಸೀನು ಬಂದಿತ್ತು. ಇನ್ನೊಮ್ಮೆ ಪೋಪ್ ತೀರಿಕೊಂಡಿದ್ದರು.

ನಾನು ಅವರ ಮೇಲಿನ ಮನೆಗೆ ಬಾಡಿಗೆಗೆ ಬಂದದ್ದು 2005ರಲ್ಲಿ, ಕಂಕುಳಲ್ಲಿ ಎಂಟು ತಿಂಗಳ ಮಗಳು ಅಡಾವನ್ನು ಇಟ್ಟುಕೊಂಡು. ನಮ್ಮ ಕ್ವೀನ್ಸ್ ಬಡಾವಣೆಯ ಇಟ್ಟಿಗೆ ಮನೆಗಳಲ್ಲಿ ಶಾಖದ ಕೊಳವೆಗಳು ಬಿಸಿಯನ್ನು ಮಾತ್ರವಲ್ಲ, ಮಾತನ್ನೂ ಮೇಲಕ್ಕೆ ಸಾಗಿಸುತ್ತವೆ. ದಿನಾ ಬೆಳಿಗ್ಗೆ ಫಿಲೋಮಿನಾಳ ಗಂಡ ಸಾಲ್ ಅಡುಗೆಮನೆಯಲ್ಲಿ ರೇಡಿಯೊ ಜೋರಾಗಿ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದ. ರಸ್ಟಿಯ ಹಾಸ್ಯಕ್ಕೆ ಅವನು ನಕ್ಕದ್ದನ್ನು ನಾನು ಕಾಣೆ. 'ಕೀಂ' ಬಂದಾಗ ಮಾತ್ರ ಲೋಟ ಎತ್ತಿ ಕೂಗುತ್ತಿದ್ದ: "ಕೇಳಿಸ್ತಾ? ಅದು ನಮ್ಮೋಳು!"

ಪುಸ್ತಕದಲ್ಲಿ ಓದಿದ್ದೆ, ಮಕ್ಕಳು ಕಿವಿಗೆ ಬಿದ್ದದ್ದನ್ನೆಲ್ಲ ಸಂಗ್ರಹಿಸಿಕೊಳ್ಳುತ್ತವೆ ಎಂದು. ನಾನು ಕೊಳವೆಗೆ ಕಂಬಳಿ ಸುತ್ತಿದೆ. ಅಡಾಳ ಮೊದಲ ಮಾತು 'ಅಮ್ಮ' ಆಗಲಿಲ್ಲ, 'ಅಪ್ಪ' ಆಗಲಿಲ್ಲ, 'ಕೀಂ' ಆಯಿತು. ಡಾಕ್ಟರ ಬಳಿಗೆ ಓಡಿದೆ. ಡಾಕ್ಟರು ಅರ್ಧ ಗಂಟೆ ಪರೀಕ್ಷಿಸಿ, "ಮನೇಲಿ ಕ್ರೇಬಲ್ ಕೇಳ್ತೀರಾ?" ಎಂದರು. ಅವರೂ ಕೇಳುತ್ತಿದ್ದರು.

ಆ ವರ್ಷದ ಶರತ್ಕಾಲದಲ್ಲಿ ರಸ್ಟಿ ಘೋಷಿಸಿದ: ಜನವರಿಯಿಂದ ತಾನು ಉಪಗ್ರಹ ರೇಡಿಯೊಗೆ ಹೋಗುತ್ತಿದ್ದೇನೆ. ಅಲ್ಲಿ ಕೇಳುಗರು ತಿಂಗಳ ಚಂದಾ ಕಟ್ಟಬೇಕು, ಆದರೆ ಸರ್ಕಾರದ ಕೈ ಅಷ್ಟು ಎತ್ತರಕ್ಕೆ ಚಾಚುವುದಿಲ್ಲ, ಯಾರು ಯಾವ ಪದ ಬೇಕಾದರೂ ಆಡಬಹುದು. ಬಸ್ಸುಗಳ ಮೇಲೆ ಅವನ ಮುಖದ ಚಿತ್ರ ಬಂತು, ತುಟಿಗೆ ನೇತುಹಾಕಿದ ಬೀಗ ಒಡೆದು ಬೀಳುತ್ತಿರುವಂತೆ. ಜನ ಸ್ವಾತಂತ್ರ್ಯ ಬಂತೆಂದು ಕುಣಿದರು. ಅಮೆರಿಕಕ್ಕೆ ಇನ್ನೂರು ವರ್ಷದ ಹಿಂದೆಯೇ ಒಂದು ಬಂದಿತ್ತು ಎಂಬುದು ಯಾರಿಗೂ ನೆನಪಿದ್ದಂತಿರಲಿಲ್ಲ.

ಫಿಲೋಮಿನಾಗೆ ಮಾತ್ರ ಕುಣಿಯುವಂಥದ್ದೇನೂ ಇರಲಿಲ್ಲ. ಅಳಿಸುವ ಪದವೇ ಇಲ್ಲದ ಕಡೆ ಅಳಿಸುವವಳಿಗೇನು ಕೆಲಸ? ಹಿಂದಿನ ವರ್ಷವಷ್ಟೇ ಸಾಲ್‌ನ ಎದೆ ಕೊಯ್ದು ಹೊಲಿದಿದ್ದರು. ಅವನ ಗುಳಿಗೆ, ಅವನ ಡಾಕ್ಟರು, ಎಲ್ಲ ನಡೆಯುತ್ತಿದ್ದದ್ದು ಅವಳ ಕೆಲಸದ ಆರೋಗ್ಯ ವಿಮೆಯಿಂದ. ಸರ್ಕಾರದ ವಿಮೆಯ ಕಾರ್ಡು ಸಿಗುವುದು ಅರವತ್ತೈದು ತುಂಬಿದ ಮೇಲೆ. ಇಬ್ಬರಿಗೂ ಐವತ್ತೆಂಟು. ಹಳೆಯ ಕಂಪನಿ ದೊಡ್ಡ ಮನಸ್ಸು ಮಾಡಿ ವಿಮೆಯನ್ನು ಮಾರ್ಚ್ ಕೊನೆಯವರೆಗೆ ಮುಂದುವರಿಸಿತು.

"ಮಾರ್ಚ್ ಆದ್ಮೇಲೆ?" ಎಂದು ನಾನು ಕೇಳಿದೆ. ಇಂಥ ಪ್ರಶ್ನೆ ಕೇಳದೆ ನನಗಿರಲಾಗುವುದಿಲ್ಲ.

"ಆಮೇಲೆ ಸಾಲ್ ಏಳು ವರ್ಷ ಉಸಿರು ಬಿಗಿ ಹಿಡ್ಕೊಂಡಿರ್ಬೇಕು," ಎಂದಳು ಅವಳು, ಬೇಳೆ ಸೂಪು ತಿರುವುತ್ತ.

ಹಳೆಯ ಸ್ಟೇಷನ್ನಿನಲ್ಲಿ ಕೊನೆಯ ದಿನ ರಸ್ಟಿ ಬೀದಿಯಲ್ಲಿ ಸಮಾರಂಭ ಇಟ್ಟುಕೊಂಡ. ಕೆಂಪು ಗುಂಡಿಯನ್ನು ಕಿತ್ತು ತಂದು, ಮೇಜಿನ ಮೇಲಿಟ್ಟು, ಸುತ್ತಿಗೆಯಿಂದ ಒಡೆಯುವ ಕಾರ್ಯಕ್ರಮ. ಪಕ್ಕದಲ್ಲಿ ಫಿಲೋಮಿನಾಳನ್ನು ನಿಲ್ಲಿಸಿದ್ದರು, ಒಳ್ಳೆಯ ಕೋಟು, ಎರಡೂ ಕೈಯಲ್ಲಿ ಹಿಡಿದ ಕೈಚೀಲ. ಬೀಳ್ಕೊಡುಗೆ ಎಂದು ಅವಳು ತಿಳಿದಿದ್ದಳು. ಚಳಿಯಲ್ಲಿ ಸೇರಿದ ಸಾವಿರಾರು ಜನ ಅವಳನ್ನು ನೋಡಿ ಊಳಿಟ್ಟರು.

"ಏ ಮುದುಕೀ, ನಿನ್ ಬೆರಳು ಸೇದ್ಹೋಗ!"

"ಹತ್ತೊಂಬತ್ತು ವರ್ಷದ್ದು ವಾಪಸ್ ಕೊಡೇ ನಮ್ಗೆ!"

ರಸ್ಟಿ ಮೈಕು ಹಿಡಿದು, "ನೋಡ್ರಪ್ಪಾ, ಇವ್ರೇ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್! ನೀವು ಕೇಳ್ದೇ ಇದ್ದದ್ದೆಲ್ಲ ಈ ಹೆಂಗಸಿನ ಹೊಟ್ಟೇಲಿದೆ!" ಎಂದ. ಗುಂಡಿ ಮೂರನೇ ಏಟಿಗೆ ಒಡೆಯಿತು. ಕಂಪನಿಯವರು ಅವಳಿಗೆ ನೆನಪಿನ ಕಾಣಿಕೆಯಾಗಿ ಏನು ಕೊಟ್ಟರೆಂದರೆ, ಒಂದು ಉಪಗ್ರಹ ರೇಡಿಯೊ.

ಆ ರೇಡಿಯೊದ ಆಂಟೆನಾಕ್ಕೆ ದಕ್ಷಿಣದ ಆಕಾಶ ಕಾಣಬೇಕಂತೆ. ಇಡೀ ಮನೆಯಲ್ಲಿ ದಕ್ಷಿಣಕ್ಕೆ ತೆರೆದ ಕಿಟಕಿ ಒಂದೇ, ಅಡಾಳ ತೊಟ್ಟಿಲ ಪಕ್ಕದ್ದು. ಸಾಲ್ ಆಂಟೆನಾ ಹಿಡಿದು ನನ್ನ ಬಾಗಿಲಲ್ಲಿ ನಿಂತ.

"ಒಂದೇ ಒಂದು ತಂತಿ ಮಗಳೇ. ಮಗೂಗೆ ಏನೂ ಆಗಲ್ಲ."

"ಅವನ ಮಾತು ಕೇಳೋದಕ್ಕಾ? ನಿಮ್ಮ ಹೆಂಡ್ತಿ ಕೆಲಸ ಕಳೆದವನದ್ದು?"

"ಅವ್ಳಿಲ್ದೇ ಹೆಂಗ್ ಮಾತಾಡ್ತಾನೋ ನೋಡ್ಬೇಕು ನಂಗೆ."

ಹೃದ್ರೋಗಿಗೆ ಇಲ್ಲವೆನ್ನುವುದು ಹೇಗೆ? ಆಂಟೆನಾ ಕಿಟಕಿಗೆ ಬಂತು. ಅದರ ಕಿರಣ ಮಗುವಿನ ತಲೆಗೆ ತಾಗೀತೆಂದು ನಾನು ತೊಟ್ಟಿಲನ್ನು ಎಳೆದು ಬಚ್ಚಲುಮನೆಯ ಬಾಗಿಲಿಗೆ ಹಚ್ಚಿದೆ. ಇಡೀ ಚಳಿಗಾಲ ನಾವು ಅಡ್ಡಡ್ಡ ನುಸುಳಿಕೊಂಡು ಸ್ನಾನಕ್ಕೆ ಹೋದೆವು.

ಜನವರಿಯ ಮೊದಲ ಸೋಮವಾರ ರಸ್ಟಿ ಆಕಾಶದಿಂದ ಬಾಯಿಬಿಟ್ಟ. ಬಾಯಿಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಹಾಗಾಯಿತು. ಮೊದಲ ದಿನ ಗೊತ್ತಿದ್ದ ಪದವನ್ನೆಲ್ಲ ಆಡಿದ. ಎರಡನೆಯ ದಿನ ಅವನ್ನೇ ಹಿಂದುಮುಂದು ಮಾಡಿ ಆಡಿದ. ಬುಧವಾರದ ಹೊತ್ತಿಗೆ ಲೆಕ್ಕ ಸಿಕ್ಕಿತು, ಅವನಿಗೆ ಗೊತ್ತಿದ್ದದ್ದು ಒಟ್ಟು ಹನ್ನೊಂದು ಪದ. ನಮ್ಮ ಬೀದಿಯ ಕೊನೆಯ ಕೊಳಾಯಿ ರಿಪೇರಿಯವನಿಗೆ ಇದಕ್ಕಿಂತ ಹೆಚ್ಚು ಗೊತ್ತಿತ್ತು.

ಪದಗಳಿಗಿಂತ ಕೆಟ್ಟದ್ದು ಇನ್ನೊಂದಿತ್ತು. ರಸ್ಟಿ ಒಂದು ಕತೆ ಎತ್ತಿಕೊಳ್ಳುವನು, ಏರಿಸುವನು, ಏರಿಸುವನು, ಇನ್ನೇನು ತುದಿಗೆ ಬಂತು ಎನ್ನುವಾಗ ಹೀಗಾಗುವುದು: "ಆಮೇಲೆ ಅವಳು ಬಾಗಿಲು ತೆಗೆದ್ರೆ... ಅಲ್ಲಿ... ಏನಪ್ಪಾ ಅದು... ಅವನು ನಿಂತಿದ್ದ. ಅಷ್ಟೇ. ಹ್ಹ." ಆಮೇಲೆ ಯಾರೋ ಕೆಮ್ಮಿದ ಸದ್ದು.

ಫೋನ್ ಮಾಡಿದವರು ಮೊದಮೊದಲು ಮರ್ಯಾದೆಯಿಂದಲೇ ಇದ್ದರು. ಫೆಬ್ರವರಿಗೆ ಒಬ್ಬ ಕೇಳಿಯೇಬಿಟ್ಟ: "ಗುರೂ, ಮೊದ್ಲು ಇಲ್ಲೇ ಕೀಂ ಅಂತಿತ್ತಲ್ಲ, ಆವಾಗ ಏನ್ ಅಂತಿದ್ದೆ? ಅದನ್ನಾದ್ರೂ ಹೇಳು." ರಸ್ಟಿ ಅವನಿಗೆ ಹನ್ನೊಂದರಲ್ಲಿ ನಾಲ್ಕು ಪದ ಹಾಕಿ ಬೈದು ಫೋನ್ ಇಟ್ಟ. ಬೈಸಿಕೊಂಡವನು ಮರುದಿನವೇ ಚಂದಾ ನಿಲ್ಲಿಸಿದನಂತೆ. ಅವನ ಹಿಂದೆ ಇನ್ನಷ್ಟು ಜನ.

ಅವತ್ತು ಮಧ್ಯಾಹ್ನ ನಾನು ಕೆಳಗೆ ಹೋಗಿ ಫಿಲೋಮಿನಾಳನ್ನು ಕೇಳಿದೆ, "ನಿಜವಾಗ್ಲೂ ಏನ್ ಅಂತಿದ್ದ ಅವನು, ಅಷ್ಟು ವರ್ಷ?"

ಅವಳು ಸೂಪಿನ ಸೌಟು ಇಟ್ಟು, ಬೀರುವಿನಿಂದ ನೀಲಿ ರಟ್ಟಿನ ಒಂದು ಉದ್ದ ಪುಸ್ತಕ ತಂದಳು. ಗುಂಡಿ ಒತ್ತಿದಾಗಲೆಲ್ಲ ಹೊತ್ತು ಮತ್ತು ಕಾರಣ ಬರೆದಿಡಬೇಕೆಂದು ಹಳೆಯ ಕಂಪನಿಯ ವಕೀಲರ ಆಜ್ಞೆ. ಪದಗಳನ್ನು ಕೈಯಾರೆ ಬರೆಯಲು ಅವಳ ಧರ್ಮ ಒಪ್ಪದ ಕಾರಣ ಗುರುತು ಹಾಕುತ್ತಿದ್ದಳು. ಕೆಲವು ಕಡೆ ಇಂಟು, ಬಹಳ ಕಡೆ ಸೊನ್ನೆ.

"ಇಂಟು ಅಂದ್ರೆ ಹೊಲಸು," ಎಂದಳು.

"ಸೊನ್ನೆ?"

"ಸೊನ್ನೆ ಅಂದ್ರೆ ಸೊನ್ನೆ. ಏನೂ ಇಲ್ಲ. ಕತೆ ಶುರು ಮಾಡ್ತಾನೆ, ಮುಗಿಸೋಕೆ ಬರಲ್ಲ ಪಾಪ. ತುದೀಲಿ ತಡವರಿಸ್ತಾನೆ. ಶುರುವಿನಲ್ಲಿ ಒಂದ್ಸಲ, ಅಯ್ಯೋ ಮಾನ ಹೋಗುತ್ತಲ್ಲ ಅಂತ ಒತ್ತಿಬಿಟ್ಟೆ. ಊರಿಗೆ ಊರೇ ಬಿದ್ದುಬಿದ್ದು ನಗ್ತು. ಏನೋ ಭಾರೀ ಅಂದಿದಾನೆ ಅಂತ. ಅವತ್ತಿಂದ ಒತ್ತುತ್ತಾ ಬಂದೆ."

ನಾನು ಪುಟ ತಿರುವಿದೆ. ಪುಟದ ತುಂಬ ಸೊನ್ನೆ, ನಡುನಡುವೆ ಊಟಕ್ಕೆ ಉಪ್ಪಿನಕಾಯಿಯಂತೆ ಒಂದೊಂದು ಇಂಟು. ನಗರವೊಂದು ಹತ್ತೊಂಬತ್ತು ವರ್ಷ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಈ ಚರ್ಚಿಗೆ ಹೋಗುವ ಹೆಂಗಸಿನ ಬೆರಳಿಗೆ!

"ಅವನಿಗೆ ಗೊತ್ತಾ ಇದು?"

"ಗೊತ್ತಾಗ್ಲಿಕ್ಕೆ ಅವ್ನು ತನ್ನ ಕಾರ್ಯಕ್ರಮ ಕೇಳ್ಬೇಕಲ್ಲ. ಕೇಳ್ತಿದ್ದಿದ್ರೆ ಸುತ್ತಿಗೆ ತರ್ತಿದ್ನಾ?"

"ಹೋಗಿ ಹೇಳಿ ಮತ್ತೆ! ಮಾರ್ಚ್ ಬಂದೇಬಿಡ್ತು!"

"ನಾನ್ಯಾಕ್ ಹೋಗ್ಲಿ? ಹೊಟ್ಟೆ ಹಸಿದ್ರೆ ಬರ್ತಾನೆ."

ಅವಳು ತಣ್ಣಗಿದ್ದಳು. ನಾನು ಮೇಲೆ ಹೋಗಿ, ಸಾಲ್‌ನ ಉಸಿರು ಕೊಳವೆಯಲ್ಲಿ ಕೇಳಿಸುತ್ತದೋ ಎಂದು ಕಂಬಳಿ ಬಿಚ್ಚಿ ಕಿವಿಯಿಟ್ಟು ಕೂತೆ.

ಮಾರ್ಚ್ ಎರಡನೆಯ ವಾರ ಬಂದ. ಕರಿಗಾಜಿನ ದೊಡ್ಡ ಕಾರು ನಮ್ಮ ಕಿರುಬೀದಿಯಲ್ಲಿ ಕಸದ ಡಬ್ಬಿಗಳ ನಡುವೆ ನಿಂತಿತು. ರಸ್ಟಿ ಇಳಿದ, ಜೊತೆಗೆ ಉಪಗ್ರಹ ಕಂಪನಿಯ ಮ್ಯಾನೇಜರ್ ಟಾಡ್. ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬದ ಕೇಕು. ನಮ್ಮ ಕಡೆ ಸೂಪರ್‌ಮಾರ್ಕೆಟ್ ಕೇಕು ಹಿಡಿದು ಯಾರೂ ಸಾವಿನ ಮನೆಗೂ ಹೋಗುವುದಿಲ್ಲ. ಫಿಲೋಮಿನಾ ಡಬ್ಬ ನೋಡಿದಳು. ನಾನು ಅಡಾಳನ್ನು ಎತ್ತಿಕೊಂಡು, ಉಪ್ಪು ಕೇಳುವ ನೆಪದಲ್ಲಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಯಾರೂ ಉಪ್ಪು ಕೊಡಲಿಲ್ಲ, ಹೋಗೆಂದೂ ಹೇಳಲಿಲ್ಲ.

"ಮದರ್," ಎಂದ ರಸ್ಟಿ, "ಹಳೇ ಟೇಪುಗಳ್ನ ಕೇಳ್ದೆ."

"ಮೊದಲ್ನೇ ಸಲಾನಾ?"

"ಹೂಂ. ನಾನು ಹೇಳಿದ್ದೂ ಕೇಳ್ದೆ, ಆಚೆ ಹೋಗಿದ್ದೂ ಕೇಳ್ದೆ." ಅವನ ಮುಖ ಒಗೆದು ಹಿಂಡಿದಂತಿತ್ತು. "ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು. ಬೇಜಾರಾದ್ರೆ ನೀನು ಇನ್ನೂ ಸಪ್ಪೆ."

ಸಾಲ್ ಕಾಫಿ ಲೋಟ ಕೆಳಗಿಟ್ಟು, "ನಂಗೂ ಹೇಳಿಲ್ಲ ಇವ್ಳು," ಎಂದ. ಅವನ ಕಣ್ಣು ತುಂಬಿಬಂದಿತ್ತು, ಹೆಮ್ಮೆಗೆ.

ಟಾಡ್ ಗಂಟಲು ಸರಿಮಾಡಿಕೊಂಡ. "ತೊಂದ್ರೆ ಏನಂದ್ರೆ ಮೇಡಂ, ನಾವು ಮಾರಿದ್ದೇ ಸ್ವಾತಂತ್ರ್ಯ. ಅಲ್ಲಿ ಗುಂಡಿ ಇಡೋ ಹಾಗಿಲ್ಲ. ಅದಕ್ಕೆ ನಿಮ್ಮನ್ನ ಹೆಸರಿಗೆ ಮುಕ್ತ ಅಭಿವ್ಯಕ್ತಿ ಸಲಹೆಗಾರ್ತಿ ಅಂತ ತಗೋತೀವಿ. ಕೀಂ ಯಾಕೆ ವಾಪಸ್ ಬಂತು ಅಂತ ಕೇಳುಗರಿಗೆ ಏನ್ ಹೇಳ್ಬೇಕು ಅನ್ನೋದೇ ಗೊತ್ತಾಗ್ತಿಲ್ಲ."

"ವಕೀಲರು ಬಾಯಿ ಕಟ್ಟಿದ್ರು ಅಂತ ಹೇಳು," ಎಂದಳು ಫಿಲೋಮಿನಾ. "ಕಾರಣ ಕೇಳಿದ್ರೆ ಅದನ್ನ ಹೇಳ್ಲಿಕ್ಕೂ ಬಿಡ್ತಿಲ್ಲ ಅನ್ನು. ಜನಕ್ಕೆ ಸಿಟ್ಟು ಬರ್ಲಿ. ಅವ್ರಿಗೆ ಅದೇ ಇಷ್ಟ."

ಟಾಡ್ ಅದನ್ನು ಬರೆದುಕೊಂಡ.

"ನಂಗೂ ಸಾಲ್‌ಗೂ ವಿಮೆ, ಅರವತ್ತೈದು ತುಂಬೋವರ್ಗೂ. ಅವನ ಕಾರ್ಯಕ್ರಮ ನಿಂತ್ರೆ ನಂದೂ ನಿಲ್ಲುತ್ತೆ, ಅದು ಗೊತ್ತು. ನಿಲ್ದೇ ಇರೋ ಹಾಗೆ ನಾನ್ ನೋಡ್ಕೋತೀನಿ. ಮತ್ತೆ ಗುಂಡಿ ಕೆಂಪಗಿರ್ಬೇಕು."

"ಇನ್ನೇನಾದ್ರೂ?"

"ಆ ಡಬ್ಬ ವಾಪಸ್ ತಗೊಂಡ್ಹೋಗಿ."

ವಾರದೊಳಗೆ ರಸ್ಟಿ ಆಕಾಶದಿಂದ ಗೋಳಿಟ್ಟ, ಇಲ್ಲಿಗೂ ಬಂದು ನನ್ನ ಬಾಯಿಗೆ ಬಟ್ಟೆ ತುರುಕಲು ಹೊರಟಿದ್ದಾರೆ ಎಂದು. ಡಿಸೆಂಬರಿನಲ್ಲಿ ಮುದುಕಿಯ ಬೆರಳು ಸೇದಿಹೋಗಲಿ ಎಂದು ಕೂಗಿದ್ದ ಅದೇ ಜನ ಕಂಪನಿಯ ಬಾಗಿಲಲ್ಲಿ ಹಲಗೆ ಹಿಡಿದು ನಿಂತರು. ಬಿಟ್ಟುಹೋದವರೆಲ್ಲ ಮತ್ತೆ ಚಂದಾ ಕಟ್ಟಿದರು, ಏನನ್ನು ತಮಗೆ ಕೇಳಿಸುವುದಿಲ್ಲ ಎಂದು ಕೇಳುವುದಕ್ಕೆ.

ಏಪ್ರಿಲ್ ಮೂರು, ಸೋಮವಾರ, ಅವಳು ಮತ್ತೆ ಕೂತ ಮೊದಲ ಬೆಳಿಗ್ಗೆ. ಹಳೆಯ ವಿಮೆ ಮುಗಿದು ಮೂರು ದಿನವಾಗಿತ್ತು, ಹೊಸದು ಅವತ್ತೇ ಶುರು. ನಾನು ಅಡಾಳೊಡನೆ ಸಾಲ್‌ನ ಅಡುಗೆಮನೆಯಲ್ಲಿದ್ದೆ. ರಸ್ಟಿ ಮೇಯರನ್ನು ಬೈದ, ಕೀಂ. ಸಾಲ್ ಲೋಟ ಎತ್ತಿದ. ಮೊದಲ ಮಾಜಿ ಹೆಂಡತಿಯನ್ನು ಬೈದ, ಕೀಂ. ಫೋನಿನವರು ಹುಚ್ಚೆದ್ದು ನಕ್ಕರು. ಆಮೇಲೆ ಅವನ ದನಿ ಇದ್ದಕ್ಕಿದ್ದಂತೆ ಇಳಿಯಿತು, ನಾನು ಎಂದೂ ಕೇಳದಂಥ ಮೆತ್ತಗಿನ ದನಿ.

"ನಿಮ್ಗೆ ಒಂದ್ ನಿಜ ಹೇಳ್ಬೇಕು ನಾನು. ಗಾಜಿನಾಚೆ ಒಬ್ರು ಕೂತಿದಾರೆ..."

ಕೀಂ.

ಅದು ನಿಲ್ಲಲೇ ಇಲ್ಲ. ಸಾಲ್ ಲೋಟ ಎತ್ತಿದವನು ಎತ್ತಿಕೊಂಡೇ ನಿಂತ. ಅಡಾ ಸದ್ದಿನ ಜೊತೆಗೆ ತಾನೂ ರಾಗ ಎಳೆದು, ಉಸಿರು ಸಾಲದೆ ಬಿಟ್ಟಳು. ಗೋಡೆಯ ಗಡಿಯಾರದಲ್ಲಿ ಐವತ್ತೆರಡು ಸೆಕೆಂಡು. ಸದ್ದು ನಿಂತಾಗ ರಸ್ಟಿ ಮೂಗು ಸೀಟುತ್ತಿದ್ದ. ಕೂಡಲೇ ಫೋನಿನಲ್ಲಿ ಒಬ್ಬ ಏದುಸಿರು ಬಿಡುತ್ತ ಬಂದ: "ಗುರೂ! ಒಂದ್ ನಿಮಿಷದುದ್ದದ ಹೊಲಸು! ಇಂಥದ್ದು ಹುಟ್ಟಿದಾಗಿಂದ ಕೇಳಿಲ್ಲ!"

ಇದನ್ನು ಯಾರಿಗೂ ಹೇಳಕೂಡದೆಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ವರ್ಷಗಳು ಕಳೆದು, ಮೊನ್ನೆ ಇಬ್ಬರಿಗೂ ಸರ್ಕಾರದ ಕಾರ್ಡು ಬಂತು. ಅವಳ ಬೆರಳಿಗೆ ಈಗ ಕೀಲುನೋವು, ರಸ್ಟಿ ಎಲ್ಲೋ ದಕ್ಷಿಣದ ಬಿಸಿಲಿನಲ್ಲಿ ಗಾಲ್ಫ್ ಆಡಿಕೊಂಡಿದ್ದಾನೆ. "ಇನ್ನು ಬರ್ಕೋ," ಎಂದು ನೀಲಿ ಪುಸ್ತಕ ನನ್ನ ಕೈಗಿಟ್ಟಳು. ಹೊಸ ಕೆಲಸದಲ್ಲೂ ಅವಳು ಗುರುತು ಹಾಕುವುದನ್ನು ಬಿಟ್ಟಿರಲಿಲ್ಲ. ನಾನು ಮೊದಲು ತೆಗೆದದ್ದು ಆ ಏಪ್ರಿಲ್ ಮೂರರ ಪುಟ. ಐವತ್ತೆರಡು ಸೆಕೆಂಡಿನ ಎದುರಿಗೆ ಸೊನ್ನೆ ಇರಲಿಲ್ಲ. ದೊಡ್ಡದೊಂದು ಇಂಟು ಇತ್ತು, ಹಾಳೆ ಹರಿಯುವಷ್ಟು ಒತ್ತಿ ಬರೆದದ್ದು.

"ಥ್ಯಾಂಕ್ಸ್ ಅಲ್ವಾ ಅವನು ಹೇಳ್ತಿದ್ದದ್ದು? ಅದಕ್ಕೆ ಹೊಲಸು ಅಂತ ಗುರುತು ಹಾಕಿದೀರಲ್ಲ!" ಎಂದೆ.

"ಸೊನ್ನೆ ವಿಷ್ಯ ಪೂರ್ತಿ ಬಾಯಿಬಿಟ್ಟ ಕಣೇ. ಅದು ಆಚೆ ಹೋಗಿದ್ರೆ ಮಾರನೇ ದಿನಕ್ಕೆ ಅವನೂ ಮನೇಲಿ, ನಾನೂ ಮನೇಲಿ," ಎಂದಳು ಫಿಲೋಮಿನಾ. "ಸಾಲ್‌ನ ಗುಳಿಗೆ ನೀನು ತಂದ್ಕೊಡ್ತಿದ್ಯಾ?"